ಶೋಧಯಂತ್ರವೂ ಆಪ್ತವಾಕ್ಯವೂ

(ಶಾಲೆಯ ವಾರ್ಷಿಕೋತ್ಸವದಲ್ಲಿ ವಿದ್ಯಾರ್ಥಿಗಳನ್ನೂ ಪೋಷಕರನ್ನೂ ಉದ್ದೇಶಿಸಿ ಮಾಡಿದ ಭಾಷಣ)



ಜ್ಞಾನವನ್ನು ಸಂಪಾದಿಸುವ ಮಾರ್ಗಗಳು ಕಾಲಕಾಲಕ್ಕೆ ಬದಲಾಗುತ್ತ ಬಂದಿವೆ. ಒಂದು ಕಾಲದಲ್ಲಿ ಸಂಶಯವುಂಟಾದರೆ ಗುರುಮುಖದಿಂದಲೇ ಪರಿಹಾರವಾಗಬೇಕಾಗಿತ್ತು. ಅನಂತರ ಮುದ್ರಣ ಬಂದಿತು, ಪುಸ್ತಕಭಂಡಾರಗಳು ಬಂದವು. ಈಗ ಅಂಗೈಯಗಲದ ಮೊಬೈಲಿನಲ್ಲಿ ನಾಲ್ಕು ಪದಗಳನ್ನು ಬರೆದರೆ ಸಾಕು, ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಸಾವಿರಾರು ಉತ್ತರಗಳು ಬಂದು ಸಾಲಾಗಿ ನಿಲ್ಲುತ್ತವೆ. ಇದು ದೊಡ್ಡ ಅನುಕೂಲವೆಂಬುದರಲ್ಲಿ ಸಂದೇಹವಿಲ್ಲ. ದೊಡ್ಡ ಗ್ರಂಥಾಲಯಗಳಿಂದ ದೂರವಿರುವ ನಮ್ಮ ಗಡಿನಾಡಿನ ಮಕ್ಕಳಿಗಂತೂ ಇದೊಂದು ವರವೇ ಸರಿ. ಆದರೆ ಹಾಗೆ ಬಂದ ಉತ್ತರಗಳಲ್ಲಿ ಕಾಳು ಯಾವುದು, ಜೊಳ್ಳು ಯಾವುದು? ಅದನ್ನು ಕೇರುವ ಮೊರ ನಮ್ಮ ಕೈಯಲ್ಲಿದೆಯೇ? ಈ ದಿನ ನಾವು ವಿಚಾರಮಾಡಬೇಕೆಂದಿರುವುದು ಇದನ್ನೇ.

ನಮ್ಮ ಪ್ರಾಚೀನ ನ್ಯಾಯಶಾಸ್ತ್ರದವರು ಅರಿವಿಗೆ ನಾಲ್ಕು ಪ್ರಮಾಣಗಳನ್ನು ಹೇಳಿದರು: ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ. ಇವುಗಳಲ್ಲಿ ಶಬ್ದವೆಂದರೆ ಯಾರೋ ಆಡಿದ ಮಾತು ಎಂದಲ್ಲ. ಅದು ಆಪ್ತನ ಮಾತಾಗಿರಬೇಕು. ಆಪ್ತನೆಂದರೆ ಯಾರು? ವಿಷಯವನ್ನು ಇದ್ದುದಿದ್ದಂತೆ ಅರಿತವನು. ಅರಿತುದನ್ನು ಇದ್ದುದಿದ್ದಂತೆ ಹೇಳಬೇಕೆಂಬ ಮನಸ್ಸುಳ್ಳವನು. ಅರಿವಿದ್ದು ಪ್ರಾಮಾಣಿಕತೆಯಿಲ್ಲದವನೂ ಆಪ್ತನಲ್ಲ. ಪ್ರಾಮಾಣಿಕತೆಯಿದ್ದು ಅರಿವಿಲ್ಲದವನೂ ಆಪ್ತನಲ್ಲ. ಅಂತರ್ಜಾಲದ ಕಾಲಕ್ಕೂ ಇದಕ್ಕಿಂತ ಒಳ್ಳೆಯ ಒರೆಗಲ್ಲು ಬೇರೆ ದೊರೆಯಲಾರದೆಂದು ನಮಗೆ ತೋರುತ್ತದೆ.

ಹಾಗಾದರೆ ಶೋಧಯಂತ್ರವು ಆಪ್ತನೇ? ಅದರ ಕೆಲಸದ ರೀತಿಯನ್ನು ತಿಳಿದರೆ ಉತ್ತರ ತಾನಾಗಿಯೇ ದೊರೆಯುವುದು. ಶೋಧಯಂತ್ರಕ್ಕೆ ಸೇರಿದ ಕ್ರಮವಿಧಿಗಳು ಹಗಲಿರುಳೂ ಜಾಲತಾಣದಿಂದ ಜಾಲತಾಣಕ್ಕೆ ಸಂಚರಿಸಿ, ಅಲ್ಲಲ್ಲಿರುವ ಪುಟಗಳನ್ನು ಸಂಗ್ರಹಿಸುತ್ತವೆ. ಪುಸ್ತಕದ ಕೊನೆಯಲ್ಲಿ ಪದಸೂಚಿ ಇರುವುದಿಲ್ಲವೇ? ಅಂಥದೇ ಒಂದು ಮಹಾಸೂಚಿಯನ್ನು ಅವುಗಳಿಂದ ಸಿದ್ಧಪಡಿಸಲಾಗುತ್ತದೆ. ನಾವು ಪ್ರಶ್ನೆ ಕೇಳಿದಾಗ ಆ ಸೂಚಿಯನ್ನು ನೋಡಿ, ಯಾವ ಪುಟ ಮೊದಲು, ಯಾವುದು ಆಮೇಲೆ ಎಂದು ಯಂತ್ರವು ಕ್ರಮಪಡಿಸುತ್ತದೆ. ಗೂಗಲ್ ಸಂಸ್ಥೆಯನ್ನು ೧೯೯೮ರಲ್ಲಿ ಸ್ಥಾಪಿಸಿದ ಲ್ಯಾರಿ ಪೇಜ್ ಮತ್ತು ಸರ್ಗೆ ಬ್ರಿನ್ ಎಂಬವರು ಆಗ ಅಮೇರಿಕೆಯ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು. ಒಂದು ಪುಟವನ್ನು ಬೇರೆ ಎಷ್ಟು ಪುಟಗಳು ನಿರ್ದೇಶಿಸುತ್ತವೆ, ಹಾಗೆ ನಿರ್ದೇಶಿಸುವ ಪುಟಗಳು ಎಷ್ಟು ಮಹತ್ತ್ವದವು ಎಂಬುದನ್ನು ಎಣಿಸಿ ಆ ಪುಟದ ಸ್ಥಾನವನ್ನು ಗೊತ್ತುಮಾಡುವ ವಿಧಾನವನ್ನು ಅವರು ಕಂಡುಹಿಡಿದರು. ಇಂದು ಅದರೊಡನೆ ಇನ್ನೂ ಅನೇಕ ಲೆಕ್ಕಾಚಾರಗಳು ಸೇರಿಕೊಂಡಿವೆ. ಆದರೂ ಮೂಲಸ್ವಭಾವ ಒಂದೇ. ಯಂತ್ರವು ಅಳೆಯುವುದು ಪದಗಳ ಹೊಂದಿಕೆಯನ್ನು, ಪ್ರಸಿದ್ಧಿಯನ್ನು, ಇಂಥ ಹೊರಗುರುತುಗಳನ್ನು. ಸತ್ಯವನ್ನೇ ನೇರವಾಗಿ ಅಳೆಯುವ ತಕ್ಕಡಿ ಅದರ ಬಳಿ ಇಲ್ಲ. ಅದು ಊರಿನ ದಾರಿ ತೋರಿಸುವವನಂತೆ. ಊರಿನೊಳಗೆ ನಡೆದುದಕ್ಕೆ ಸಾಕ್ಷಿಯಲ್ಲ.

ಇನ್ನೊಂದು ಸಂಗತಿಯೂ ಉಂಟು. ಜಾಹೀರಾತಿನ ಹಣದಿಂದ ನಡೆಯುವ ಶೋಧಯಂತ್ರಗಳು ಜಾಹೀರಾತುದಾರರ ಕಡೆಗೆ ವಾಲುವುದು ಸಹಜವೆಂದು ಅದೇ ಪೇಜ್ ಮತ್ತು ಬ್ರಿನ್ ೧೯೯೮ರ ತಮ್ಮ ಪ್ರಬಂಧದಲ್ಲಿ ಎಚ್ಚರಿಸಿದ್ದರು. ಮುಂದೆ ಅವರ ಸಂಸ್ಥೆಯ ಆದಾಯದ ಬಹುಭಾಗವೂ ಜಾಹೀರಾತಿನಿಂದಲೇ ಬರುವಂತಾಯಿತು. ಆದುದರಿಂದ ಫಲಿತಾಂಶಗಳ ನೆತ್ತಿಯಲ್ಲಿ 'ಪ್ರಾಯೋಜಿತ' ಎಂಬ ಸಣ್ಣ ಅಕ್ಷರಗಳು ಕಂಡರೆ, ಆ ಸ್ಥಾನವು ಯೋಗ್ಯತೆಯಿಂದಲ್ಲ, ಹಣ ಕೊಟ್ಟುದರಿಂದ ಬಂದಿದೆಯೆಂದು ಮಕ್ಕಳು ಅರಿಯಬೇಕು.

ಈ ಮಾತಿಗೆ ನಿದರ್ಶನವನ್ನು ದೂರ ಹುಡುಕಬೇಕಾಗಿಲ್ಲ. ೨೦೨೧ನೆಯ ಇಸವಿಯ ಜೂನ್ ತಿಂಗಳಲ್ಲಿ ನಡೆದುದು ಕನ್ನಡಿಗರೆಲ್ಲರ ನೆನಪಿನಲ್ಲಿದೆ. ಭಾರತದಲ್ಲಿ ಅತ್ಯಂತ ಕುರೂಪವಾದ ಭಾಷೆ ಯಾವುದೆಂದು ಇಂಗ್ಲಿಷಿನಲ್ಲಿ ಕೇಳಿದವರಿಗೆ ಗೂಗಲ್ ಶೋಧಯಂತ್ರವು ಮೇಲ್ಗಡೆಯ ಚೌಕದಲ್ಲಿ ಕನ್ನಡದ ಹೆಸರನ್ನು ತೋರಿಸಿತು. ನಾಡೆಲ್ಲ ಕೆರಳಿತು. ಕರ್ನಾಟಕ ಸರಕಾರವು ಆಕ್ಷೇಪಿಸಿತು. ಸಂಸ್ಥೆಯು ಆ ಉತ್ತರವನ್ನು ತೆಗೆದುಹಾಕಿ ಕ್ಷಮೆ ಯಾಚಿಸಿತು. ಕೋಪ ನ್ಯಾಯವಾದುದೇ. ಆದರೆ ಕೋಪ ಇಳಿದ ಮೇಲೆ ನಾವು ಕಲಿಯಬೇಕಾದ ಪಾಠವೊಂದುಂಟು. ಆ ತೀರ್ಪನ್ನು ಯಾವ ಪಂಡಿತರೂ ಕೊಟ್ಟಿರಲಿಲ್ಲ. ಭಾಷಾಶಾಸ್ತ್ರದ ಗಂಧವೂ ಇಲ್ಲದ ಯಾವುದೋ ಮೂಲೆಯ ಜಾಲತಾಣದಲ್ಲಿದ್ದ ಒಂದು ವಾಕ್ಯ ಪ್ರಶ್ನೆಯ ಪದಗಳಿಗೆ ಹೊಂದಿತು. ಯಂತ್ರವು ಅದನ್ನು ಎತ್ತಿ ಸಿಂಹಾಸನದ ಮೇಲೆ ಕೂರಿಸಿತು. ಭಾರತ ಸರಕಾರವು ೨೦೦೮ರಲ್ಲಿಯೇ ಶಾಸ್ತ್ರೀಯ ಭಾಷೆಯೆಂದು ಮನ್ನಿಸಿದ ನುಡಿಯ ಗತಿಯೇ ಹೀಗಾದರೆ, ಉಳಿದ ವಿಷಯಗಳ ಪಾಡೇನು? ಇಷ್ಟೇ ಅಲ್ಲ, ಇಲ್ಲಿ ಪ್ರಶ್ನೆಯೇ ದುಷ್ಟವಾಗಿತ್ತು. ಭಾಷೆಗಳಲ್ಲಿ ಕುರೂಪವೆಂಬುದು ಇಲ್ಲ. ಇಂಥ ಪ್ರಶ್ನೆಯನ್ನು ಕೇಳಿದರೆ ಒಳ್ಳೆಯ ಗುರುಗಳು 'ಮಗು, ನಿನ್ನ ಪ್ರಶ್ನೆಯೇ ಸರಿಯಲ್ಲ' ಎನ್ನುವರು. ಯಂತ್ರವು ಅಂದು ಹಾಗೆನ್ನಲಿಲ್ಲ. ಕೇಳಿದುದಕ್ಕೆ ತಕ್ಕುದನ್ನು ಹೆಕ್ಕಿಕೊಟ್ಟಿತು. ಆದುದರಿಂದ ಸರಿಯಾಗಿ ಕೇಳುವುದನ್ನು ಕಲಿಯುವುದು ಉತ್ತರವನ್ನು ಪರೀಕ್ಷಿಸುವುದರ ಮೊದಲ ಮೆಟ್ಟಿಲು.

ಈಚೆಗೆ ಕೃತಕ ಬುದ್ಧಿಮತ್ತೆಯು ಹತ್ತಾರು ಪುಟಗಳನ್ನು ಅರೆದು ಒಂದೇ ಉತ್ತರವನ್ನಾಗಿ ಮಾಡಿ ಕೊಡುವ ಏರ್ಪಾಡೂ ಬಂದಿದೆ. ೨೦೨೪ರ ಮೇ ತಿಂಗಳಲ್ಲಿ ಗೂಗಲ್ ಇದನ್ನು ಅಮೇರಿಕೆಯಲ್ಲಿ ವ್ಯಾಪಕವಾಗಿ ಬಳಕೆಗೆ ತಂದ ಕೆಲವೇ ದಿನಗಳಲ್ಲಿ, ದಿನಕ್ಕೊಂದು ಸಣ್ಣ ಕಲ್ಲನ್ನಾದರೂ ತಿನ್ನುವುದು ಒಳ್ಳೆಯದೆಂಬ ಉತ್ತರ ಒಬ್ಬರಿಗೆ ದೊರೆಯಿತು! ಅದರ ಮೂಲ 'ದಿ ಅನಿಯನ್' ಎಂಬ ವಿನೋದ ಪತ್ರಿಕೆಯ ಒಂದು ಪರಿಹಾಸ ಬರೆಹ. ಓದಿ ನಗಬೇಕಾದುದನ್ನು ಯಂತ್ರವು ವೈದ್ಯೋಪದೇಶವೆಂದು ತಿಳಿಯಿತು. ಭಾಷೆ ಸ್ಫುಟವಾಗಿದೆ, ಧಾಟಿ ಗಂಭೀರವಾಗಿದೆ ಎಂಬ ಕಾರಣಕ್ಕೆ ಮಾತು ನಿಜವಾಗುವುದಿಲ್ಲ.

ಜಾಲತಾಣದ ಹೊರಮೆರುಗೂ ಹೀಗೆಯೇ ಮೋಸಗೊಳಿಸಬಲ್ಲುದು. ಅಮೇರಿಕೆಯ ವಾಯವ್ಯ ಭಾಗದ ಕಾಡುಗಳಲ್ಲಿ ಮರದ ಮೇಲೆ ವಾಸಿಸುವ ಎಂಟು ಕಾಲಿನ ಆಕ್ಟೋಪಸ್ ಎಂಬ ಜೀವಿ ಇದೆ, ಅದು ಅಳಿವಿನ ಅಂಚಿನಲ್ಲಿದೆ ಎಂದು ಹೇಳುವ ಒಂದು ತಾಣವನ್ನು ಯಾರೋ ವಿನೋದಕ್ಕಾಗಿ ೧೯೯೮ರಲ್ಲಿ ನಿರ್ಮಿಸಿದರು. ಚಿತ್ರಗಳೇನು, ಶಾಸ್ತ್ರೀಯ ನಾಮವೇನು, ರಕ್ಷಣೆಯ ಮನವಿಯೇನು! ಕನೆಕ್ಟಿಕಟ್ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನು ಏಳನೆಯ ತರಗತಿಯ ಮಕ್ಕಳಿಗೆ ತೋರಿಸಿದಾಗ, ಹೆಚ್ಚುಕಡಿಮೆ ಎಲ್ಲರೂ ನಂಬಿಬಿಟ್ಟರು. ಮಕ್ಕಳಷ್ಟೇ ಏಮಾರುವರೆಂದು ದೊಡ್ಡವರು ನಗುವಂತಿಲ್ಲ. ಸ್ಟ್ಯಾನ್‌ಫರ್ಡಿನ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ ಎಂಬ ವಿದ್ವಾಂಸರು ೨೦೧೭ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ೪೫ ಮಂದಿಯನ್ನು ಪರೀಕ್ಷಿಸಿದ್ದರು: ೧೦ ಮಂದಿ ಇತಿಹಾಸಜ್ಞರು, ೨೫ ಮಂದಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು, ೧೦ ಮಂದಿ ಪತ್ರಿಕಾರಂಗದಲ್ಲಿ ಸುದ್ದಿಯ ಸತ್ಯಾಸತ್ಯವನ್ನು ಶೋಧಿಸುವುದನ್ನೇ ವೃತ್ತಿಯಾಗಿ ಉಳ್ಳವರು. ಇತಿಹಾಸಜ್ಞರಲ್ಲಿಯೂ ವಿದ್ಯಾರ್ಥಿಗಳಲ್ಲಿಯೂ ಅನೇಕರು ತಾಣದೊಳಗೇ ಕುಳಿತು ಮೇಲಿನಿಂದ ಕೆಳಕ್ಕೆ ಓದಿ, ಗಂಭೀರವಾದ ಹೆಸರಿಗೂ ಲಾಂಛನಕ್ಕೂ ಮಾರುಹೋದರು. ಸತ್ಯಶೋಧಕರಾದರೋ ತುಸು ನೋಡಿ ಬೇಗನೆ ಹೊರಬಂದರು. ಈ ತಾಣದ ವಿಷಯದಲ್ಲಿ ಬೇರೆಯವರು ಏನು ಹೇಳುತ್ತಾರೆಂದು ಇತರ ಕಡೆ ವಿಚಾರಿಸಿದರು. ಹೆಚ್ಚು ಬೇಗನೆ, ಹೆಚ್ಚು ಸರಿಯಾಗಿ ನಿರ್ಣಯಕ್ಕೆ ಬಂದವರು ಅವರೇ. ಇದರಲ್ಲಿ ಹೊಸತೇನಿದೆ? ಸಂಬಂಧ ಬೆಳೆಸುವ ಮೊದಲು ಆ ಮನೆಯವರನ್ನೇ ಕೇಳಿ ಯಾರೂ ಸುಮ್ಮನಾಗುವುದಿಲ್ಲ, ನೆರೆಕರೆಯಲ್ಲಿಯೂ ವಿಚಾರಿಸುತ್ತಾರಷ್ಟೆ.

ಇನ್ನು ಗಡಿನಾಡಿನ ಕನ್ನಡಿಗರಾದ ನಮಗೆ ಮಾತ್ರ ವಿಶೇಷವಾದ ಒಂದು ತೊಡಕನ್ನು ಹೇಳಬೇಕು. ೧೯೫೬ನೆಯ ನವೆಂಬರ್ ೧ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಕಾಸರಗೋಡು ಕೇರಳಕ್ಕೆ ಸೇರಿತು. ನಮ್ಮ ಮಕ್ಕಳು ಓದುವುದು ಕನ್ನಡದಲ್ಲಿ, ಪಾಠಕ್ರಮ ಕೇರಳದ್ದು. ಹತ್ತನೆಯ ತರಗತಿಯ ಪರೀಕ್ಷೆಗೆ ಎರಡು ರಾಜ್ಯಗಳಲ್ಲಿಯೂ ಎಸ್‌.ಎಸ್‌.ಎಲ್‌.ಸಿ. ಎಂಬುದೇ ಹೆಸರು. ಇಲ್ಲಿಯ ವಿದ್ಯಾರ್ಥಿಯೊಬ್ಬನು ಕನ್ನಡದಲ್ಲಿ ಪರೀಕ್ಷಾ ವೇಳಾಪಟ್ಟಿಯನ್ನು ಹುಡುಕಿದರೆ, ಮುಂದೆ ಬಂದು ನಿಲ್ಲುವುದು ಬಹುತೇಕ ಬೆಂಗಳೂರಿನ ಮಂಡಲಿಯ ವೇಳಾಪಟ್ಟಿ. ಅದು ಸುಳ್ಳಲ್ಲ, ಅಧಿಕೃತವೇ ಹೌದು. ಆದರೆ ನಮ್ಮದಲ್ಲ. ನಮ್ಮ ಪರೀಕ್ಷೆಯನ್ನು ನಡೆಸುವುದು ತಿರುವನಂತಪುರದ ಪರೀಕ್ಷಾಭವನ. ದಿನಾಂಕ ಬೇರೆ, ಪಠ್ಯ ಬೇರೆ, ಅಂಕಗಳ ಹಂಚಿಕೆ ಬೇರೆ. ನಂಬಿಕೆಗೆ ಅರ್ಹವಾದ ತಾಣದಲ್ಲಿರುವ ಸತ್ಯವಾದ ಮಾತೂ ನಮಗೆ ಅನ್ವಯಿಸದೆ ಹೋದರೆ ನಮ್ಮ ಪಾಲಿಗೆ ತಪ್ಪು ದಾರಿಯೇ ಆಗುವುದು. ಸೊಲ್ಲಾಪುರ, ತಾಳವಾಡಿ, ಆದವಾನಿಗಳ ಕನ್ನಡ ಮಕ್ಕಳಿಗೂ ಅವರವರ ರಾಜ್ಯದ ಮಟ್ಟಿಗೆ ಈ ಮಾತು ಸಲ್ಲುತ್ತದೆ.

ಇಷ್ಟನ್ನೂ ಒಟ್ಟುಗೂಡಿಸಿದರೆ, ಪ್ರತಿಯೊಂದು ಜಾಲತಾಣದ ಮುಂದೆ ಇಡಬೇಕಾದ ನಾಲ್ಕು ಪ್ರಶ್ನೆಗಳು ದೊರೆಯುತ್ತವೆ.

ಮೊದಲನೆಯದು: ಹೇಳುವವರು ಯಾರು, ಅವರಿಗೆ ಇದು ಹೇಗೆ ಗೊತ್ತು? ಬರೆದವರ ಹೆಸರಾಗಲಿ, ಸಂಸ್ಥೆಯ ವಿಳಾಸವಾಗಲಿ ಇಲ್ಲದ ತಾಣ ಅನಾಮಧೇಯ ಪತ್ರಕ್ಕೆ ಸಮಾನ. ತೆಂಗು ಅಡಕೆಗಳ ರೋಗಕ್ಕೆ ಮದ್ದು ಬೇಕಾದರೆ, ಔಷಧ ಮಾರುವವನ ಪುಟಕ್ಕಿಂತ ನಮ್ಮ ಕಾಸರಗೋಡಿನಲ್ಲಿಯೇ ಇರುವ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ಮಾತು ಮೇಲು.

ಎರಡನೆಯದು: ಹೀಗೆ ಹೇಳುವುದರಿಂದ ಅವರಿಗೇನು ಲಾಭ? ಮಾರಾಟಕ್ಕಾಗಿಯೇ, ಮತಕ್ಕಾಗಿಯೇ, ಕೇವಲ ನೋಡುಗರ ಸಂಖ್ಯೆಯನ್ನು ಹೆಚ್ಚಿಸುವುದಕ್ಕಾಗಿಯೇ? ಲಾಭವಿದ್ದ ಮಾತ್ರಕ್ಕೆ ಮಾತು ಸುಳ್ಳಾಗದು. ಆದರೆ ಇನ್ನೊಂದು ಸಾಕ್ಷಿ ಬೇಕಾಗುವುದು.

ಮೂರನೆಯದು: ಯಾವಾಗ ಹೇಳಿದ್ದು? ಕಳೆದ ವರ್ಷದ ವಿದ್ಯಾರ್ಥಿವೇತನದ ಕೊನೆಯ ದಿನಾಂಕವನ್ನು ಈ ವರ್ಷದ್ದೆಂದು ತಿಳಿದು ಕೆಟ್ಟವರುಂಟು.

ನಾಲ್ಕನೆಯದು: ಯಾರಿಗಾಗಿ ಹೇಳಿದ್ದು? ಯಾವ ರಾಜ್ಯದವರಿಗೆ, ಯಾವ ತರಗತಿಯವರಿಗೆ?

ಮುಕ್ತ ವಿಶ್ವಕೋಶವಾದ ವಿಕಿಪೀಡಿಯವನ್ನೂ ಈ ಕ್ರಮದಲ್ಲಿಯೇ ಬಳಸಬೇಕು. ಅದನ್ನು ಯಾರು ಬೇಕಾದರೂ ತಿದ್ದಬಹುದು. ಹಾಗೆಂದು ಅದು ತ್ಯಾಜ್ಯವಲ್ಲ. ಯಾರಾದರೂ ಪ್ರಶ್ನಿಸಿದ ಅಥವಾ ಪ್ರಶ್ನಿಸಬಹುದಾದ ಮಾತಿಗೆ ಆಧಾರವನ್ನು ಕೊಡಬೇಕೆಂಬುದು ಅಲ್ಲಿಯ ನಿಯಮ. ಲೇಖನವನ್ನೇ ಪ್ರಮಾಣವೆಂದು ಎತ್ತಿ ಬರೆಯದೆ, ಅದು ತೋರಿಸುವ ಆಧಾರದವರೆಗೆ ಹೋದರೆ ಫಲವುಂಟು.

ಪೋಷಕರು ತಿಳಿಯಬೇಕಾದ ಎರಡು ಮಾತುಗಳಿವೆ. ಒಂದು, ತಾಣದ ವಿಳಾಸವನ್ನು ಓದುವ ಬಗೆ. ಭಾರತದ ಸರಕಾರಿ ತಾಣಗಳ ವಿಳಾಸ ಸಾಮಾನ್ಯವಾಗಿ 'ಡಾಟ್ ಜಿ-ಒ-ವಿ ಡಾಟ್ ಐ-ಎನ್' ಎಂದು ಮುಗಿಯುತ್ತದೆ. ಮುಗಿಯುವುದು ಎಂಬ ಮಾತನ್ನು ಗಮನಿಸಿರಿ. ವಂಚಕರು ಈ ಅಕ್ಷರಗಳನ್ನೇ ನಡುವಿನಲ್ಲಿ ತುರುಕಿ, ಹೆಸರಿನ ಕೊನೆಯಲ್ಲಿ 'ಡಾಟ್ ಕಾಮ್' ಎಂದೋ ಬೇರೇನೋ ಇಡುತ್ತಾರೆ. ಆದುದರಿಂದ ವಿಳಾಸದಲ್ಲಿ ಮೊದಲನೆಯ ಓರೆಗೆರೆಗೆ ಮುಂಚೆ ಇರುವ ತಾಣದ ಹೆಸರನ್ನು ಕೊನೆಯಿಂದ ಹಿಂದಕ್ಕೆ ಓದಿರಿ. 'ಡಾಟ್ ಒ-ಆರ್-ಜಿ' ಎಂದಿದ್ದರೆ ಸೇವಾಸಂಸ್ಥೆಯೇ ಎಂದು ನಂಬಬೇಡಿ. ಆ ಹೆಸರನ್ನು ಯಾರು ಬೇಕಾದರೂ ಪಡೆಯಬಹುದು. ಇನ್ನೊಂದು, ಬ್ಯಾಂಕಿನ ದೂರವಾಣಿ ಸಂಖ್ಯೆಯನ್ನು ಶೋಧಯಂತ್ರದಲ್ಲಿ ಹುಡುಕಿ, ಮೊದಲು ಕಂಡುದಕ್ಕೆ ಕರೆಮಾಡಿ ಹಣ ಕಳೆದುಕೊಂಡವರು ಬಹುಮಂದಿ. ಆ ಸಂಖ್ಯೆ ನಿಮ್ಮ ಪಾಸ್ ಪುಸ್ತಕದಲ್ಲಿಯೂ ಕಾರ್ಡಿನ ಹಿಂಬದಿಯಲ್ಲಿಯೂ ಇರುತ್ತದೆ. ರಾಷ್ಟ್ರೀಯ ವಿದ್ಯಾರ್ಥಿವೇತನದ ತಾಣದಲ್ಲಿ ಅರ್ಜಿಗೆ ಶುಲ್ಕವಿಲ್ಲ. ಅದರ ಹೆಸರು ಹೇಳಿ ಹಣ ಕೇಳುವ ತಾಣ ನಕಲಿಯೆಂದೇ ತಿಳಿಯಿರಿ. ಮೋಸಹೋದರೆ ನಾಚಿಕೆಯಿಂದ ಮುಚ್ಚಿಡದೆ, ತಡಮಾಡದೆ ೧೯೩೦ ಎಂಬ ರಾಷ್ಟ್ರೀಯ ಸಹಾಯವಾಣಿಗೆ ತಿಳಿಸತಕ್ಕದ್ದು.

ಇದೆಲ್ಲ ಆತ್ಮರಕ್ಷಣೆಯ ಮಾತಾಯಿತು. ಇದಕ್ಕಿಂತ ಹಿರಿದಾದ ಕರ್ತವ್ಯವೊಂದುಂಟು. ೨೦೨೧ರಲ್ಲಿ ಯಾರೋ ಅರಿಯದವರು ಬರೆದ ಒಂದು ವಾಕ್ಯಕ್ಕೆ ಅಷ್ಟು ಬಲ ಬಂದುದೇಕೆ? ಬರೆದುದಷ್ಟೇ ಯಂತ್ರಕ್ಕೆ ಕಾಣುವುದು. ಬರೆಯದೆ ಉಳಿದುದು ಅದಕ್ಕೆ ಇಲ್ಲವೇ ಇಲ್ಲ. ನಮ್ಮ ಊರು, ನಮ್ಮ ಕೆರೆ ಬಾವಿಗಳು, ನಮ್ಮ ಯಕ್ಷಗಾನ ಮೇಳಗಳು, ನಮ್ಮ ಶಾಲೆಗಳು ಇವುಗಳ ವಿಷಯದಲ್ಲಿ ಸತ್ಯವಾದ ಕನ್ನಡ ಬರೆಹ ಅಂತರ್ಜಾಲದಲ್ಲಿ ಎಷ್ಟಿದೆ? ಬಲು ಸ್ವಲ್ಪ. ನಾವು ಬರೆಯದಿದ್ದರೆ ನಮ್ಮನ್ನು ಕುರಿತು ಇತರರು ಬರೆದುದೇ ಉತ್ತರವಾಗುವುದು. ೨೦೦೩ರಲ್ಲಿ ಪ್ರಾರಂಭವಾದ ಕನ್ನಡ ವಿಕಿಪೀಡಿಯದ ಬಾಗಿಲು ನಮ್ಮ ಮಕ್ಕಳಿಗೂ ತೆರೆದೇ ಇದೆ.

ಆದರೆ ಬರೆಯುವ ಮೊದಲು ನೋಡಬೇಕು, ಕೇಳಬೇಕು, ಹೋಲಿಸಬೇಕು. ಇದಕ್ಕೆ ಮೇಲ್ಪಂಕ್ತಿ ನಮ್ಮ ಮಣ್ಣಿನಲ್ಲಿಯೇ ಇದೆ. ಮಂಜೇಶ್ವರದ ರಾಷ್ಟ್ರಕವಿ ಗೋವಿಂದ ಪೈಗಳು (೧೮೮೩–೧೯೬೩) ಕವಿಗಳಷ್ಟೇ ಅಲ್ಲ, ಸಂಶೋಧಕರೂ ಹೌದು. ಒಂದು ಇಸವಿಯನ್ನು ನಿರ್ಣಯಿಸಲು ಶಾಸನಗಳನ್ನೂ ಗ್ರಂಥಗಳನ್ನೂ ತಾಳೆನೋಡಿದರು. ಮೂಲಗಳನ್ನು ತಾವೇ ಓದಲು ಹಲವು ಭಾಷೆಗಳನ್ನು ಕಲಿತರು. ಅವರ ಕಾಲದಲ್ಲಿ ಸಾಮಗ್ರಿ ವಿರಳ, ಶ್ರದ್ಧೆ ಅಪಾರ. ನಮ್ಮ ಕಾಲದಲ್ಲಿ ಸಾಮಗ್ರಿಗೆ ಕೊರತೆಯಿಲ್ಲ. ಬೇಕಾಗಿರುವುದು ಆ ಶ್ರದ್ಧೆ.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಹಿರಿಯರು ಗಾದೆ ಮಾಡಿದರು. ಕಣ್ಣಾರೆ ಕಂಡುದಕ್ಕೇ ಅಷ್ಟು ಎಚ್ಚರಿಕೆ ಬೇಕೆಂದ ಮೇಲೆ, ಯಂತ್ರವು ಹೆಕ್ಕಿಕೊಟ್ಟುದಕ್ಕೆ ಎಷ್ಟು ಬೇಕು? ಪ್ರಿಯ ವಿದ್ಯಾರ್ಥಿಗಳೇ, ಯಂತ್ರವನ್ನು ಬಳಸಿರಿ, ದಾರಿ ಕೇಳಿರಿ, ಆದರೆ ತೀರ್ಪನ್ನು ಅದರ ಕೈಗೆ ಒಪ್ಪಿಸದಿರಿ. ಮುಂದೊಂದು ದಿನ ನೀವು ಬರೆದುದನ್ನು ಎಲ್ಲಿಯೋ ಕುಳಿತ ಮಗುವೊಂದು ಹುಡುಕಿ ಓದಿದಾಗ, ಅದು ಆಪ್ತರ ಮಾತೆಂದು ನಂಬಿ ನಡೆಯುವಂತಿರಲಿ ಎಂದು ಹಾರೈಸುತ್ತೇವೆ.