ಹಗಲು ಡಯಟ್, ರಾತ್ರಿ ಬಿಂಜ್: ಈ ಚಕ್ರ ಎಲ್ಲಿ ಮುರಿಯುತ್ತೆ?

(ಇದು ನಮ್ಮ ಚಾನೆಲ್‌ನಲ್ಲಿ ಬಂದ ಮಾತಿನ ಬರಹರೂಪ. ಮಾತಿನ ಧಾಟಿಯನ್ನು ಆದಷ್ಟೂ ಹಾಗೇ ಉಳಿಸಿದ್ದೇವೆ.)

ನಾನು ಓದಿದ್ದು ಎಂಟೆಕ್, ಮಾಡ್ತಿರೋದು ಸಾಫ್ಟ್‌ವೇರ್ ಕೆಲಸ, ಊರು ತಿಪಟೂರು, ಈಗ ಇರೋದು ಗ್ರೇಟರ್ ನೋಯ್ಡಾದಲ್ಲಿ. ಡಾಕ್ಟರ್ ಅಲ್ಲ, ಡಯಟಿಷಿಯನ್ನೂ ಅಲ್ಲ. ಆದರೆ ಇವತ್ತಿನ ವಿಷಯದ ಜೊತೆ ನಾಲ್ಕು ವರ್ಷ ಸಂಸಾರ ಮಾಡಿದ್ದೀನಿ. ಆಮೇಲೆ ಒಬ್ಬ ಸೈಕಾಲಜಿಸ್ಟ್ ಸಹಾಯದಿಂದ ಅದರಿಂದ ಹೊರಗೂ ಬಂದಿದ್ದೀನಿ. ಅದಕ್ಕೇ ಈ ವಿಷಯ ಆರಿಸಿಕೊಂಡೆ.

ಬಿಂಜ್ ವಾಚಿಂಗ್ ಬಗ್ಗೆ ನಾವು ನಗ್ತಾ ಮಾತಾಡ್ತೀವಿ. "ನಿನ್ನೆ ಒಂದೇ ರಾತ್ರಿ ಎಂಟು ಎಪಿಸೋಡ್ ಮುಗಿಸಿದೆ ಮಾರಾಯ" ಅಂತ ಹೇಳಿಕೊಳ್ಳೋಕೆ ನಾಚಿಕೆ ಇಲ್ಲ. ಬಿಂಜ್ ಈಟಿಂಗ್ ವಿಷಯ ಹಾಗಲ್ಲ. ಮದುವೆ ಊಟದಲ್ಲಿ ಆರು ಒಬ್ಬಟ್ಟು ತಿನ್ನೋದು ಬಿಂಜ್ ಅಲ್ಲ, ಅದು ಖುಷಿ. ಬಿಂಜ್ ಅಂದರೆ ಸ್ವಲ್ಪ ಹೊತ್ತಿನಲ್ಲೇ ಸಿಕ್ಕಾಪಟ್ಟೆ ತಿನ್ನೋದು, ಅದೂ ಕೈ ನಿಲ್ಲಿಸೋಕೆ ಆಗದೆ. ರುಚಿ ಗೊತ್ತಾಗಲ್ಲ, ಹೊಟ್ಟೆ ನೋವು ಬಂದರೂ ನಿಲ್ಲಲ್ಲ, ಯಾರಾದರೂ ನೋಡಿಬಿಟ್ಟರೆ ಅಂತ ಭಯ, ಮುಗಿದ ಮೇಲೆ ನಮ್ಮ ಮೇಲೇ ಅಸಹ್ಯ. ಅಮೆರಿಕದ ಆಲ್ಬರ್ಟ್ ಸ್ಟಂಕಾರ್ಡ್ ಅನ್ನೋ ಮನೋವೈದ್ಯರು 1959ರಲ್ಲೇ ಇದರ ಬಗ್ಗೆ ಬರೆದಿದ್ದರು. ಅಲ್ಲಿನ ಮನೋವೈದ್ಯರ ಕೈಪಿಡಿಯಲ್ಲಿ ಇದಕ್ಕೆ ಪ್ರತ್ಯೇಕ ಕಾಯಿಲೆಯ ಸ್ಥಾನ ಸಿಕ್ಕಿದ್ದು 2013ರಲ್ಲಿ. ವಾರಕ್ಕೆ ಒಂದು ಸಲವಾದರೂ, ಮೂರು ತಿಂಗಳು ಹೀಗಾದರೆ ಅದು ಚಿಕಿತ್ಸೆ ಬೇಕಾದ ವಿಷಯ ಅನ್ನೋದು ಅವರ ಲೆಕ್ಕ.

ನಮ್ಮ ಕಡೆಯವರ ದಿನ ಹೇಗಿರುತ್ತೆ ನೋಡಿ. ಬೆಳಿಗ್ಗೆ ಬ್ಲ್ಯಾಕ್ ಕಾಫಿ. ಮಧ್ಯಾಹ್ನ ಆಫೀಸ್ ಕ್ಯಾಂಟೀನಲ್ಲಿ ಸೌತೆಕಾಯಿ, ಎರಡು ತುಂಡು ಪನೀರ್. ಸಂಜೆ ಒಂದು ಹಿಡಿ ಮಖಾನ. ರಾತ್ರಿ ಊಟ ಬಿಟ್ಟಾಯ್ತು, ಯಾಕಂದರೆ ಯಾವುದೋ ವಿಡಿಯೋದಲ್ಲಿ ಏಳು ಗಂಟೆ ಮೇಲೆ ಬಾಯಿಗೆ ಬೀಗ ಅಂತ ಹೇಳಿದ್ದಾರೆ. ಕ್ಯಾಲಿಫೋರ್ನಿಯಾದವರ ಜೊತೆ ಕಾಲ್ ಮುಗಿಯೋದು ರಾತ್ರಿ ಹನ್ನೊಂದೂವರೆಗೆ. ಫೋನ್ ತೆಗೆದರೆ ಹತ್ತು ನಿಮಿಷದಲ್ಲಿ ಐಸ್‌ಕ್ರೀಮು, ಬ್ರೆಡ್ಡು, ಚಿಪ್ಸು ಬಾಗಿಲಿಗೆ ಬರುತ್ತೆ. ಅದು ಮುಗೀತಿದ್ದ ಹಾಗೆ ಅಮ್ಮ ಕಳಿಸಿದ ಕೋಡುಬಳೆ ಡಬ್ಬ. ಅಡುಗೆಮನೆಯಲ್ಲಿ ಲೈಟ್ ಹಾಕದೆ, ನಿಂತುಕೊಂಡೇ. ರೂಮ್‌ಮೇಟ್‌ಗೆ ಗೊತ್ತಾಗಬಾರದು ಅಂತ ಖಾಲಿ ಕವರ್‌ಗಳನ್ನ ಪಕ್ಕದ ಟವರ್‌ನ ಕಸದ ಬುಟ್ಟಿಗೆ ಹಾಕಿ ಬರೋದು. ಮಲಗೋವಾಗ ಒಂದು ಶಪಥ: ನಾಳೆಯಿಂದ ಸ್ಟ್ರಿಕ್ಟ್.

ಈ ಶಪಥವೇ ಮಾರನೇ ದಿನದ ಬಿಂಜ್‌ಗೆ ಅಡಿಪಾಯ. ಇವತ್ತು ನಾನು ಹೇಳೋಕೆ ಬಂದಿರೋದು ಇದನ್ನೇ.

ಇದಕ್ಕೆ ಒಳ್ಳೆ ಪುರಾವೆ ಇರೋದು ಒಂದು ಹಳೆಯ ಪ್ರಯೋಗದಲ್ಲಿ. 1944ರ ನವೆಂಬರ್‌ನಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಅನ್ನೋ ವಿಜ್ಞಾನಿ 36 ಯುವಕರನ್ನ ಸೇರಿಸಿದರು. ಯುದ್ಧದಲ್ಲಿ ಹಸಿದ ಯುರೋಪಿಗೆ ಮತ್ತೆ ಊಟ ಕೊಡೋದು ಹೇಗೆ ಅಂತ ತಿಳಿಯೋದು ಉದ್ದೇಶ. ಎಲ್ಲರೂ ಆರೋಗ್ಯವಂತರು, ಮಾನಸಿಕವಾಗಿ ಗಟ್ಟಿ ಅಂತ ಪರೀಕ್ಷೆ ಮಾಡಿ ಆರಿಸಿದವರು. ಮೊದಲು ಹೊಟ್ಟೆ ತುಂಬಾ ಊಟ. ಆಮೇಲೆ 24 ವಾರ ಸುಮಾರು 1,570 ಕ್ಯಾಲೊರಿ, ಜೊತೆಗೆ ವಾರಕ್ಕೆ ಸುಮಾರು 35 ಕಿಲೋಮೀಟರ್ ನಡಿಗೆ. ತೂಕದಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಇಳೀತು. ಅದು ನಿರೀಕ್ಷಿತ. ಆದರೆ ಅವರ ತಲೆಯೊಳಗೆ ಆಗಿದ್ದು ನೋಡಿ. ಊಟ ಬಿಟ್ಟು ಬೇರೆ ಯೋಚನೆ ಇಲ್ಲ. ಅಡುಗೆ ಪುಸ್ತಕ ಓದೋರು, ರೆಸಿಪಿ ಸಂಗ್ರಹಿಸೋರು. ದಿನವಿಡೀ ಚೂಯಿಂಗ್ ಗಮ್, ಕಾಫಿ. ಕೊನೆಗೆ ಮತ್ತೆ ಊಟ ಸಿಕ್ಕಾಗ ಕೆಲವರು ದಿನಕ್ಕೆ ಐದು ಸಾವಿರ ಕ್ಯಾಲೊರಿ ದಾಟಿ ತಿಂದರು. ತಿಂದೂ ಹಸಿವು ಅಂದರು.

ಇವರಿಗೆ ಮೊದಲು ಈ ಥರದ ತೊಂದರೆ ಇರಲಿಲ್ಲ ಅನ್ನೋದನ್ನ ಗಮನಿಸಿ. ಹಸಿವೆ ಅದನ್ನು ತಂದಿದ್ದು. ಈಗ 1,570ನ್ನ ನಿಮ್ಮ ಫೋನಲ್ಲಿರೋ 1,200 ಕ್ಯಾಲೊರಿ ಚಾರ್ಟ್ ಪಕ್ಕ ಇಟ್ಟು ನೋಡಿ. ನಮ್ಮ ಐಸಿಎಂಆರ್ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಲೆಕ್ಕದಲ್ಲಿ, ಕೂತು ಕೆಲಸ ಮಾಡೋ 65 ಕೆಜಿ ಗಂಡಸಿಗೇ ದಿನಕ್ಕೆ 2,110 ಬೇಕು. ಅದೇ ರೀತಿ ಕೂತು ಕೆಲಸ ಮಾಡೋ 55 ಕೆಜಿ ಹೆಂಗಸಿಗೆ 1,660.

ಇನ್ನೊಂದು ಚಿಕ್ಕ ಪ್ರಯೋಗ 1975ರದ್ದು, ಪೀಟರ್ ಹರ್ಮನ್ ಮತ್ತು ಡೆಬೊರಾ ಮ್ಯಾಕ್ ಮಾಡಿದ್ದು. ಕಾಲೇಜು ಹುಡುಗಿಯರಿಗೆ ಮೊದಲು ಮಿಲ್ಕ್‌ಶೇಕ್ ಕೊಟ್ಟು, ಆಮೇಲೆ ರುಚಿ ನೋಡೋ ನೆಪದಲ್ಲಿ ಐಸ್‌ಕ್ರೀಮ್ ಮುಂದೆ ಇಟ್ಟರು. ಡಯಟ್ ಮಾಡದವರು ಮಿಲ್ಕ್‌ಶೇಕ್ ಕುಡಿದಿದ್ದರೆ ಐಸ್‌ಕ್ರೀಮ್ ಕಡಿಮೆ ತಿಂದರು. ಸಹಜ. ಸದಾ ಡಯಟ್ ಮಾಡೋರು ಮಾತ್ರ ಮಿಲ್ಕ್‌ಶೇಕ್ ಕುಡಿದ ಮೇಲೆ ಇನ್ನೂ ಜಾಸ್ತಿ ತಿಂದರು. "ಹೇಗೂ ಕೆಟ್ಟೋಯ್ತಲ್ಲ, ಇನ್ನೇನು" ಅನ್ನೋ ಮನಸ್ಥಿತಿ. ಆಫೀಸಲ್ಲಿ ಬರ್ತ್‌ಡೇ ಕೇಕ್ ಒಂದು ತುಂಡು ತಿಂದ ದಿನ ರಾತ್ರಿ ಏನಾಗುತ್ತೆ ಅಂತ ಗೊತ್ತಿರೋರಿಗೆ ಇದನ್ನ ವಿವರಿಸಬೇಕಿಲ್ಲ.

ಹಾಗಾಗಿ ಎರಡು ಹಗ್ಗ ನಮ್ಮನ್ನ ಎಳೀತಿರುತ್ತೆ: ಒಂದು ದೇಹದ ಹಸಿವು, ಇನ್ನೊಂದು ತಲೆಯೊಳಗಿನ ನಿಯಮಾವಳಿ. ನಮ್ಮ ಭಾಷೆಯಲ್ಲಿ ಹೇಳೋದಾದರೆ, ದಿನವಿಡೀ ರಿಕ್ವೆಸ್ಟ್‌ಗಳನ್ನ ತಡೆಹಿಡಿದ ಸರ್ವರ್ ಇದು. ಗೇಟು ಒಂದಿಷ್ಟು ತೆರೆದರೆ ಎಲ್ಲಾ ಒಟ್ಟಿಗೆ ನುಗ್ಗುತ್ತೆ. ರಾತ್ರಿ ಹನ್ನೊಂದೂವರೆಗೆ ಗೇಟ್ ಹತ್ತಿರ ನಿಂತು ವಿಲ್‌ಪವರ್ ಅಂತ ಕೂಗಿದರೆ ಪ್ರಯೋಜನ ಇಲ್ಲ. ಕ್ಯೂ ಬೆಳಿಗ್ಗೆಯಿಂದಲೇ ಖಾಲಿ ಆಗ್ತಾ ಬರಬೇಕು.

ಎಲ್ಲರ ಬಿಂಜೂ ಡಯಟ್‌ನಿಂದಲೇ ಶುರುವಾಗುತ್ತೆ ಅಂತ ನಾನು ಹೇಳ್ತಿಲ್ಲ. ಕೆಲವರಿಗೆ ಖಿನ್ನತೆ, ಒಂಟಿತನ ಮೊದಲು ಬರುತ್ತೆ. ಪರ ಊರಲ್ಲಿ ಇದು ಜಾಸ್ತಿನೇ ಕಾಡುತ್ತೆ ಅನ್ನೋದು ನನ್ನ ಅನಿಸಿಕೆ. ಆದರೆ ಎಲ್ಲಿಂದ ಶುರುವಾದರೂ, ಮಾರನೇ ದಿನ ಊಟ ಬಿಟ್ಟರೆ ಚಕ್ರ ತಿರುಗ್ತಾನೇ ಇರುತ್ತೆ.

ಬಿಡಿಸಿಕೊಳ್ಳೋ ದಾರಿ ಕೇಳೋಕೆ ತೀರಾ ಸಪ್ಪೆ. ಆಕ್ಸ್‌ಫರ್ಡ್‌ನ ಕ್ರಿಸ್ಟಫರ್ ಫೇರ್‌ಬರ್ನ್ ರೂಪಿಸಿದ ಚಿಕಿತ್ಸಾ ಪದ್ಧತಿಯಲ್ಲಿ ಮೊದಲ ದೊಡ್ಡ ಹೆಜ್ಜೆ ಅಂದರೆ ಹೊತ್ತುಹೊತ್ತಿಗೆ ತಿನ್ನೋದು. ಮೂರು ಊಟ, ಎರಡು ಅಥವಾ ಮೂರು ಸಲ ಏನಾದರೂ ಸಣ್ಣದು, ನಡುವೆ ನಾಲ್ಕು ಗಂಟೆಗಿಂತ ಹೆಚ್ಚು ಅಂತರ ಬಿಡಬಾರದು. ಏನು ತಿಂತೀರಿ ಅನ್ನೋದು ಆಮೇಲಿನ ಮಾತು, ಮೊದಲು ಯಾವಾಗ ಅನ್ನೋದು. ಹಸಿವಾಗದಿದ್ದರೂ ಹೊತ್ತಿಗೆ ತಿನ್ನಬೇಕು, ಯಾಕಂದರೆ ಈ ಚಕ್ರದಲ್ಲಿ ಇರೋರ ಹಸಿವಿನ ಗಡಿಯಾರ ಕೆಟ್ಟಿರುತ್ತೆ.

ನನ್ನ ಪಟ್ಟಿ ಹೇಳ್ತೀನಿ, ಯಾರಿಗಾದರೂ ಉಪಯೋಗ ಆಗಬಹುದು. ಎಂಟೂವರೆಗೆ ತಿಂಡಿ. ಹನ್ನೊಂದಕ್ಕೆ ಹಣ್ಣು ಅಥವಾ ಕಡಲೆಕಾಯಿ. ಒಂದೂವರೆಗೆ ಊಟ. ಐದಕ್ಕೆ ಟೀ ಜೊತೆ ಏನಾದರೂ. ಎಂಟೂವರೆಗೆ, ಅಂದರೆ ಕಾಲ್ ಶುರುವಾಗೋ ಮುಂಚೆ, ರಾತ್ರಿ ಊಟ. ಹನ್ನೊಂದೂವರೆಗೆ ಒಂದು ಲೋಟ ಹಾಲು, ಬಾಳೆಹಣ್ಣು. ಈ ಕೊನೆಯದನ್ನ ಸೈಕಾಲಜಿಸ್ಟ್ ಹೇಳಿದಾಗ ನನಗೆ ನಗು ಬಂತು, ಆ ಹೊತ್ತಿಗೇ ತಾನೇ ನಾನು ಹೆದರ್ತಿದ್ದಿದ್ದು! ಅವರು ಹೇಳಿದ್ದು, ಆ ಹೊತ್ತಿಗೆ ನೀವು ಹೇಗಿದ್ದರೂ ತಿಂತೀರಿ, ಲೈಟ್ ಹಾಕಿ ಕೂತು ತಿನ್ನಿ ಅಂತ.

ಎರಡನೇದು ನಿಷೇಧಿತ ಪದಾರ್ಥಗಳ ಪಟ್ಟಿ. ನನ್ನ ಪಟ್ಟಿಯಲ್ಲಿ ಮೊದಲಿದ್ದಿದ್ದು ಅನ್ನ. ಉತ್ತರಕ್ಕೆ ಬಂದ ಮೇಲೆ ನಮ್ಮಲ್ಲಿ ತುಂಬಾ ಜನಕ್ಕೆ ಈ ಹುಚ್ಚು ಹತ್ತುತ್ತೆ, ರೊಟ್ಟಿ ತಿಂದವರು ಗಟ್ಟಿ, ಅನ್ನ ತಿಂದವರು ದಪ್ಪ ಅಂತ. ಹಗಲೆಲ್ಲಾ ಅನ್ನ ಮುಟ್ಟದೆ ರಾತ್ರಿ ಪಾತ್ರೆ ಕೆರೆದು ಮೊಸರನ್ನ ತಿನ್ನೋದು. ಈಗ ಅಡುಗೆಯ ದೀದಿಗೆ ಸಾರು ಮಾಡೋದು ಹೇಳಿಕೊಟ್ಟಿದ್ದೀನಿ. ಅವರು ಅದನ್ನ ಪತಲಿ ದಾಲ್ ಅಂತಾರೆ, ಇರಲಿ. ಒಂದೂವರೆಗೆ ಅನ್ನ ಸಾರು ತಿಂದ ದಿನ ರಾತ್ರಿ ಆ ಪಾತ್ರೆ ನನ್ನನ್ನ ಕರೆಯಲ್ಲ.

ಮೂರನೇದು ಒಂದು ನೋಟ್‌ಬುಕ್. ಕ್ಯಾಲೊರಿ ಬರೆಯಬೇಡಿ. ಎಷ್ಟು ಗಂಟೆಗೆ, ಎಲ್ಲಿ, ಏನು, ಆಗ ಮನಸ್ಸಲ್ಲಿ ಏನಿತ್ತು, ಅಷ್ಟೇ. ಎರಡು ವಾರದಲ್ಲಿ ನನ್ನ ಪುಸ್ತಕದಲ್ಲಿ ಕಂಡಿದ್ದು: ಬಿಂಜ್ ಆದ ದಿನಗಳಲ್ಲಿ ಹೆಚ್ಚಿನವು ಮಧ್ಯಾಹ್ನ ಊಟ ಇಲ್ಲದ ದಿನಗಳು, ಉಳಿದವು ಊರಿಂದ ಫೋನ್ ಬಂದ ಭಾನುವಾರಗಳು.

ಬಿಂಜ್ ಮತ್ತೆ ಆಗುತ್ತೆ, ಆ ಲೆಕ್ಕ ಇಟ್ಟುಕೊಂಡೇ ಇರಿ. ಅದರ ಮಾರನೇ ಬೆಳಿಗ್ಗೆ ಎಂಟೂವರೆಗೆ ತಿಂಡಿ ತಿನ್ನೋದೇ ಇಡೀ ಚಿಕಿತ್ಸೆಯಲ್ಲಿ ಕಷ್ಟದ ಭಾಗ. ಹೊಟ್ಟೆ ಭಾರ, ಮನಸ್ಸು ಪೂರ್ತಿ ಬೇಡ ಅನ್ನುತ್ತೆ. ಎರಡು ಇಡ್ಲಿ ಆದರೂ ಸರಿ, ತಿನ್ನಬೇಕು. ಜಿಮ್‌ನಲ್ಲಿ ಎರಡು ಗಂಟೆ ಓಡಿ ಲೆಕ್ಕ ಚುಕ್ತಾ ಮಾಡೋಕೆ ಹೋಗಬಾರದು.

ತೂಕ ಇಳಿಯುತ್ತಾ ಅಂತ ಕೇಳ್ತೀರಿ. ಬ್ರಿಟನ್ನಿನ ನೈಸ್ ಸಂಸ್ಥೆ 2017ರ ಮಾರ್ಗಸೂಚಿಯಲ್ಲಿ ಈ ಕಾಯಿಲೆ ಇರೋ ವಯಸ್ಕರಿಗೆ ಮೊದಲು ಇಂಥದ್ದೇ ಮಾರ್ಗದರ್ಶಿತ ಸ್ವಸಹಾಯ ಕೊಡಿ ಅನ್ನುತ್ತೆ. ಜೊತೆಗೆ ಇದರಿಂದ ತೂಕ ಹೆಚ್ಚೇನೂ ಬದಲಾಗಲ್ಲ ಅಂತ ರೋಗಿಗೆ ಮೊದಲೇ ತಿಳಿಸಿ ಅಂತಲೂ ಹೇಳುತ್ತೆ. ನನಗೆ ಶುರುವಿನಲ್ಲಿ ಎರಡು ಕೆಜಿ ಏರಿ ಅಲ್ಲೇ ನಿಂತಿತು. ಸಿಕ್ಕಿದ್ದು ಬೇರೆ: ಸಂಜೆ ಆರಕ್ಕೆ ಮೀಟಿಂಗಲ್ಲಿ ಕೂತಾಗ ತಲೆಯಲ್ಲಿ ಊಟದ ಮೆನು ಓಡಲ್ಲ. ಅಮ್ಮನ ಡಬ್ಬ ಬಂದರೆ ಮೂರು ವಾರ ಇರುತ್ತೆ. ದೀಪಾವಳಿಗೆ ಊರಿಗೆ ಹೋದಾಗ ಒಬ್ಬರು "ಯಾಕೋ ಸೊರಗಿದ್ದೀಯಾ" ಅಂದರು, ಅದೇ ಜಗುಲಿಯಲ್ಲಿ ಇನ್ನೊಬ್ಬರು "ಡೆಲ್ಲಿ ತುಪ್ಪ ಚೆನ್ನಾಗಿ ಹತ್ತಿದೆ" ಅಂದರು. ಇಬ್ಬರಿಗೂ ಹೂಂ ಅಂದೆ.

ಎಚ್ಚರಿಕೆಯ ಮಾತು. ತಿಂದಿದ್ದನ್ನ ಬೆರಳು ಹಾಕಿ ವಾಂತಿ ಮಾಡ್ತಿದ್ದರೆ, ಭೇದಿ ಮಾತ್ರೆ ತಗೊಳ್ತಿದ್ದರೆ ಇದನ್ನ ಕೇಳಿ ಸುಮ್ಮನಿರಬೇಡಿ, ಡಾಕ್ಟರ್ ಹತ್ತಿರ ಹೋಗಿ. ರಕ್ತದಲ್ಲಿ ಪೊಟ್ಯಾಸಿಯಂ ಇಳಿದು ಹೃದಯದ ಬಡಿತಕ್ಕೇ ತೊಂದರೆ ಆಗಬಹುದು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತಗೊಳ್ಳೋರು ಊಟದ ಹೊತ್ತು ಬದಲಿಸೋ ಮುಂಚೆ ಡಾಕ್ಟರ್‌ನ ಕೇಳಿ. ಎಲ್ಲಿಂದ ಶುರು ಮಾಡೋದು ಗೊತ್ತಿಲ್ಲ ಅಂದರೆ ಕೇಂದ್ರ ಸರ್ಕಾರದ ಟೆಲಿ ಮಾನಸ್ ಇದೆ, ನಂಬರ್ 14416, ಹಗಲು ರಾತ್ರಿ ಉಚಿತ. 2022ರಲ್ಲಿ ಶುರುವಾಗಿದ್ದು, ಬೆಂಗಳೂರಿನ ನಿಮ್ಹಾನ್ಸ್ ಅದರ ನೋಡಲ್ ಕೇಂದ್ರ, ಕನ್ನಡದಲ್ಲೂ ಮಾತಾಡಬಹುದು. ಇಂಥ ವಿಷಯ ಹಿಂದಿಯಲ್ಲಿ ಹೇಳೋಕೆ ನನಗಂತೂ ಬಾಯಿ ಬರ್ತಿರಲಿಲ್ಲ.

ಒಂದು ಪ್ರಶ್ನೆ ಮೊದಲೇ ಬಂದಿದೆ: ಹಾಗಾದರೆ ಏಕಾದಶಿ, ನವರಾತ್ರಿ ಉಪವಾಸ ಬಿಡಬೇಕಾ? ಇಲ್ಲಿ ವರ್ಷಕ್ಕೆ ಎರಡು ನವರಾತ್ರಿಗೂ ಕ್ಯಾಂಟೀನಲ್ಲಿ ವ್ರತದ ಥಾಲಿ ಬರುತ್ತೆ, ಕುಟ್ಟು ಪೂರಿ, ಸಾಬುದಾನ ಖಿಚಡಿ. ನಮ್ಮ ಕಡೆ ಅದು ಗೊಂಬೆ ಕೂರಿಸಿ ಚರುಪು ಹಂಚೋ ಹಬ್ಬ, ಇಲ್ಲಿನವರಿಗೆ ಉಪವಾಸ. ಹೊಸದಾಗಿ ಬಂದವರಿಗೆ ಅದು ಒಂಬತ್ತು ದಿನದ ಪುಕ್ಕಟೆ ಡಯಟ್ ಪ್ಲಾನ್ ಥರ ಕಾಣುತ್ತೆ. ನಮ್ಮಜ್ಜಿ ಏಕಾದಶಿ ಮಾಡೋರು. ಮಾರನೇ ದಿನ ದ್ವಾದಶಿ ಬೆಳಿಗ್ಗೆ ಹೊತ್ತು ನೋಡಿ ಪಾರಣೆ, ಮನೆಯವರ ಜೊತೆ ಎಲೆ ಹಾಕಿಕೊಂಡು. ಉಪವಾಸ ಯಾವಾಗ ಮುಗಿಯುತ್ತೆ ಅಂತ ಅವರಿಗೆ ಮೊದಲೇ ಗೊತ್ತಿರ್ತಿತ್ತು, ತೂಕದ ಯೋಚನೆ ಇರಲಿಲ್ಲ. ಅವರಿಗೆ ಅದು ಸರಿಹೋಗ್ತಿತ್ತು. ಈ ಚಕ್ರದಲ್ಲಿ ಸಿಕ್ಕಿರೋರಿಗೆ, ಹೊರಗೆ ಬರೋವರೆಗೆ, ಪೂಜೆ ಮಾಡಿ, ಊಟ ಬಿಡಬೇಡಿ ಅಂತ ನನ್ನ ಸೈಕಾಲಜಿಸ್ಟ್ ಹೇಳಿದ್ದರು. ನಾನು ಎರಡು ವರ್ಷ ಹಾಗೇ ಮಾಡಿದೆ. ಮನೆಯಲ್ಲಿ ಯಾರೂ ಆಕ್ಷೇಪ ಎತ್ತಲಿಲ್ಲ, ಅಮ್ಮ ಮಾತ್ರ ಫಲಾಹಾರಕ್ಕೆ ಅವಲಕ್ಕಿ ಜಾಸ್ತಿ ನೆನೆಹಾಕು ಅಂದರು.

ಸರಿ, ಇನ್ನೇನಾದರೂ ಪ್ರಶ್ನೆ ಇದ್ದರೆ ಕೇಳಿ.