ವಾಸನೆಯಲ್ಲಿ ನಡೆಯುವ ಇಲಿಸಂಸಾರ



ಪ್ರಾಣಿಗಳ ನಡವಳಿಕೆ ಕುರಿತ ಈ ಸಮ್ಮೇಳನದ ಅಧ್ಯಕ್ಷತೆಯನ್ನು ನನಗೆ ವಹಿಸಿದ್ದೀರಿ. ಇಡೀ ಕ್ಷೇತ್ರದ ಸಮೀಕ್ಷೆ ಮಾಡುವ ವಾಡಿಕೆಯನ್ನು ಬಿಟ್ಟು ಒಂದೇ ವಿಷಯ ಹಿಡಿಯುತ್ತೇನೆ. ಇಲಿಯ ಸಂಸಾರ ನಡೆಯುವುದು ಬಹುಪಾಲು ವಾಸನೆಯಲ್ಲಿ. ಅದನ್ನು ಲೆಕ್ಕಕ್ಕೆ ಹಿಡಿಯದೆ ಅದರ ನಡವಳಿಕೆಯನ್ನು ಅಳೆಯಲು ಹೊರಟರೆ ಅಳತೆಯೇ ತಪ್ಪುತ್ತದೆ.

1959ರಲ್ಲಿ ಲಂಡನ್ನಿನ ಹಿಲ್ಡಾ ಬ್ರೂಸ್ ಒಂದು ಸಂಗತಿ ಪ್ರಕಟಿಸಿದರು. ಆಗತಾನೆ ಕೂಡಿದ ಹೆಣ್ಣಿಲಿಯ ಹತ್ತಿರ ಅಪರಿಚಿತ ಗಂಡನ್ನು ತಂದರೆ ಬಹಳಷ್ಟು ಸಲ ಬಸಿರು ನಿಲ್ಲುವುದಿಲ್ಲ. ಆ ಗಂಡು ಮುಟ್ಟಬೇಕಾಗಿಯೂ ಇಲ್ಲ, ಅದರ ಮೂತ್ರದ ವಾಸನೆ ಸಾಕು. ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ಇಳಿಯುತ್ತದೆ, ಭ್ರೂಣ ಗರ್ಭಕೋಶಕ್ಕೆ ಅಂಟಿಕೊಳ್ಳುವುದಿಲ್ಲ, ಕೆಲವೇ ದಿನಗಳಲ್ಲಿ ಹೆಣ್ಣು ಮತ್ತೆ ಬೆದೆಗೆ ಬರುತ್ತದೆ. ಕೂಡಿದ ಗಂಡಿನ ವಾಸನೆಯಿಂದ ಮಾತ್ರ ಹೀಗಾಗದು. ಕೂಡುವ ಹೊತ್ತಿನಲ್ಲೇ ಆ ಗಂಡಿನ ವಾಸನೆಯ ನೆನಪು ಹೆಣ್ಣಿನ ಮಿದುಳಿನಲ್ಲಿ ಕೂರುತ್ತದೆಂದೂ, ಅದಕ್ಕೆ ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕ ಬೇಕೆಂದೂ ಕೇಂಬ್ರಿಜ್‌ನ ಬ್ಯಾರಿ ಕೆವರ್ನ್ ಮತ್ತು ಸಂಗಡಿಗರು ತೋರಿಸಿದರು. ಒಂದು ನೆನಪು ಬಸಿರನ್ನು ಕಾಯುತ್ತದೆ! ಎಷ್ಟೋ ವರ್ಷ ಪಾಠ ಮಾಡಿದ ಮೇಲೂ ಇದನ್ನು ಹೇಳುವಾಗ ನನಗೆ ಮೈ ಜುಮ್ಮೆನ್ನುತ್ತದೆ.

ಇಂಥ ವಾಸನೆಗಳನ್ನು ಗ್ರಹಿಸುವ ಮುಖ್ಯ ಅಂಗವನ್ನು ಡೆನ್ಮಾರ್ಕಿನ ಯಾಕೋಬ್ಸನ್ 1813ರಲ್ಲೇ ವರ್ಣಿಸಿದ್ದರು. ಮೂಗಿನ ನಡುಗೋಡೆಯ ಬುಡದಲ್ಲಿ, ಎರಡೂ ಬದಿಗೆ, ಒಂದು ತುದಿ ಮುಚ್ಚಿದ ಸಣ್ಣ ಕೊಳವೆ. ಪಕ್ಕದ ರಕ್ತನಾಳ ಕುಗ್ಗಿದಾಗ ಕೊಳವೆ ದ್ರವವನ್ನು ಒಳಗೆಳೆದುಕೊಳ್ಳುತ್ತದೆ. ಹಾಗಾಗಿ ಇಲಿ ಹತ್ತಿರ ಹೋಗಿ ಮೂಗು ಮುಟ್ಟಿಸಬೇಕು. ಬೇರೆ ಗಂಡು ಉಚ್ಚೆ ಹೊಯ್ದ ಜಾಗಕ್ಕೆ ಬಲಿಷ್ಠ ಗಂಡಿಲಿ ಬಂದಾಗ ನೋಡಿ: ಹಸಿ ಗುರುತಿಗೆ ಮೂಗು ಒತ್ತುತ್ತದೆ, ಆಮೇಲೆ ಅದರ ಮೇಲೆಯೇ ತನ್ನದೊಂದು ಹನಿ ಬಿಡುತ್ತದೆ. ಅಲ್ಲಿಗೆ ಬರುವ ಹೆಣ್ಣಿಗೂ ಎದುರಾಳಿಗೂ ಆ ಜಾಗ ಯಾರದೆಂದು ತಿಳಿಯುತ್ತದೆ.

2002ರಲ್ಲಿ ಹಾರ್ವರ್ಡ್‌ನ ಕ್ಯಾಥರೀನ್ ಡುಲಾಕ್ ಅವರ ತಂಡ, ಈ ಅಂಗದ ಸಂವೇದನೆಗೆ ಬೇಕಾದ ಟಿಆರ್‌ಪಿಸಿ2 ಜೀನ್ ಇಲ್ಲದ ಇಲಿಗಳನ್ನು ಪರೀಕ್ಷಿಸಿತು. ಅಂಥ ಗಂಡುಗಳು ಒಳನುಗ್ಗಿದ ಗಂಡಿನ ಮೇಲೆ ಎರಗಲಿಲ್ಲ, ಅದನ್ನೇ ಕೂಡಲು ಹೋದವು. ಮನುಷ್ಯರಲ್ಲಿ ಈ ಜೀನ್ ಕೆಟ್ಟು ಎಂದೋ ಕೆಲಸ ನಿಲ್ಲಿಸಿದೆ. ಇಲಿಯ ಲೋಕವನ್ನು ನಮ್ಮ ಮೂಗಿನಿಂದ ಊಹಿಸಲಾಗದು ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಈಗ ನಮ್ಮ ಪ್ರಯೋಗಶಾಲೆಗೆ ಬರೋಣ. ಪಂಜರ ತೊಳೆದು ಹೊಸ ಹೊಟ್ಟು ಹಾಸುತ್ತೇವೆ. ಅವತ್ತೇ ಒಟ್ಟಿಗಿದ್ದ ಗಂಡಿಲಿಗಳು ಕಚ್ಚಾಡುತ್ತವೆ. ಅವು ಹಾಕಿಕೊಂಡಿದ್ದ ಗುರುತುಗಳನ್ನು ಅಳಿಸಿದವರು ನಾವು. ಹಳೆಯ ಗೂಡಿನ ಎಳೆಗಳನ್ನು ಉಳಿಸಿ ಹಾಕಿದರೆ ಜಗಳ ಕಡಿಮೆಯಾಗುತ್ತದೆ. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ಜೆಫ್ರಿ ಮೊಗಿಲ್ ಮತ್ತು ಸಂಗಡಿಗರು 2014ರಲ್ಲಿ ತೋರಿಸಿದ್ದು ಇನ್ನೂ ಗಾಬರಿಯ ಸಂಗತಿ. ಗಂಡಸರು ಹತ್ತಿರವಿದ್ದರೆ, ಅವರು ತೊಟ್ಟು ಬಿಟ್ಟ ಟೀ ಶರ್ಟ್ ಇದ್ದರೂ ಸರಿ, ಇಲಿಗಳಲ್ಲಿ ಒತ್ತಡ ಏರಿ ನೋವಿನ ಲಕ್ಷಣ ತಗ್ಗುತ್ತದೆ, ಹೆಂಗಸರಿದ್ದರೆ ಹಾಗಾಗುವುದಿಲ್ಲ. ಹಾಗಾದರೆ ನೋವಿನ ಔಷಧಿಯ ಎಷ್ಟು ಫಲಿತಾಂಶಗಳಲ್ಲಿ ಇಲಿ ಹಿಡಿದವರ ಮೈವಾಸನೆ ಸೇರಿಕೊಂಡಿದೆಯೋ!

ಆದ್ದರಿಂದ ಪ್ರಬಂಧ ಮಂಡಿಸುವವರಲ್ಲಿ ನನ್ನ ಕೋರಿಕೆ ಇಷ್ಟು. ಇಲಿಯನ್ನು ಹಿಡಿದವರು ಗಂಡಸೋ ಹೆಂಗಸೋ, ಪಂಜರ ತೊಳೆದದ್ದು ಯಾವತ್ತು, ಒಂದೇ ಪಂಜರದಲ್ಲಿ ಯಾವ್ಯಾವ ಇಲಿಗಳಿದ್ದವು ಎಂಬುದನ್ನು ವಿಧಾನದ ಭಾಗದಲ್ಲಿ ಬರೆಯಿರಿ. ಬರೆಯದವರನ್ನು ಗೋಷ್ಠಿಯಲ್ಲೇ ಎದ್ದು ನಿಂತು ಕೇಳಿ.