ನೆರೆಯ ಎದುರಾಳಿ

ಕಾಲ್ಚೆಂಡಿನ ಆಟವನ್ನು ಕುರಿತು ಕನ್ನಡ ಪಂಡಿತನೊಬ್ಬನು ಮಾತನಾಡಲು ಹೊರಟಿರುವನೆಂದರೆ ಕೇಳುವವರಿಗೆ ಸ್ವಲ್ಪ ನಗು ಬರುವುದು ಸಹಜ. ಆ ಪಂಡಿತನು ಆಳಂದ, ಅಫಜಲಪುರ, ಜೇವರ್ಗಿಗಳ ಕಡೆಯವನೆಂದರಂತೂ ನಗು ಇನ್ನೂ ಹೆಚ್ಚೀತು. ಇಲ್ಲಿ ಜಾತ್ರೆಯ ಕುಸ್ತಿಗೆ ಕಣವುಂಟು, ಕಬಡ್ಡಿಗೆ ಅಂಕಣವುಂಟು, ತೊಗರಿ ಕೊಯ್ದ ಹೊಲದಲ್ಲಿ ಕ್ರಿಕೆಟ್ಟಿನ ಮೂರು ಕಡ್ಡಿಗಳುಂಟು; ಗೋಲಿನ ಕಂಬಗಳು ಮಾತ್ರ ಅಪರೂಪ. ಆದರೂ ಬೆಂಗಳೂರು ಎಫ್‌ಸಿ ತಂಡಕ್ಕೂ ಕೇರಳ ಬ್ಲಾಸ್ಟರ್ಸ್ ತಂಡಕ್ಕೂ ಪಂದ್ಯವಿದ್ದ ರಾತ್ರಿ ನಮ್ಮ ಹುಡುಗರು ಮೊಬೈಲನ್ನು ಕೈಬಿಡುವುದಿಲ್ಲ. ಮರುದಿನ ಮೊದಲನೆಯ ಪಿರಿಯಡ್ಡಿನಲ್ಲಿ ಅರ್ಧ ತರಗತಿಯ ಕಣ್ಣು ಮುಚ್ಚಿರುತ್ತದೆ. ಹಳಗನ್ನಡ ವ್ಯಾಕರಣದ ಪಾಠಕ್ಕೂ ಕಣ್ಣು ಮುಚ್ಚುವ ಹುಡುಗರಿರುವುದರಿಂದ ಎಲ್ಲ ಅಪರಾಧವನ್ನೂ ಚೆಂಡಿನ ಮೇಲೆ ಹೊರಿಸುವಂತಿಲ್ಲ.

ಈ ಎರಡು ಕ್ಲಬ್ಬುಗಳು ಹಳೆಯವೇನೂ ಅಲ್ಲ. ಬೆಂಗಳೂರಿನದು ೨೦೧೩ರಲ್ಲಿ ಹುಟ್ಟಿತು. ಕೇರಳದ್ದು ಮರುವರ್ಷ, ೨೦೧೪ರಲ್ಲಿ. ಬೆಂಗಳೂರಿನ ಕ್ಲಬ್ಬಿನ ಒಡೆತನ ಜಿಂದಾಲರ ಕಂಪನಿಯದು. ನಮ್ಮ ಬಳ್ಳಾರಿ ಸೀಮೆಯ ತೋರಣಗಲ್ಲಿನಲ್ಲಿ ಉಕ್ಕು ಕಾಯಿಸುವವರು ಅವರೇ. ಹುಟ್ಟಿದ ಮೊದಲ ವರ್ಷದಲ್ಲಿಯೇ ಆ ತಂಡ ಐ-ಲೀಗನ್ನು ಗೆದ್ದಿತು. ೨೦೧೬ರಲ್ಲಿ ಏಷ್ಯಾ ಖಂಡದ ಎಎಫ್‌ಸಿ ಕಪ್ಪಿನ ಅಂತಿಮ ಪಂದ್ಯದವರೆಗೆ ಹೋಗಿ, ದೋಹಾದಲ್ಲಿ ಇರಾಕಿನ ವಾಯುಪಡೆಯ ತಂಡಕ್ಕೆ ಒಂದೇ ಗೋಲಿನಿಂದ ಸೋತಿತು. ೨೦೧೭ರಲ್ಲಿ ಅದು ಇಂಡಿಯನ್ ಸೂಪರ್ ಲೀಗಿಗೆ ಬಂದ ಮೇಲೆಯೇ ಕೇರಳದೊಡನೆ ಈ ಜಿದ್ದಾಜಿದ್ದಿ ಮೊದಲಾದದ್ದು. ಆ ವರ್ಷದ ಡಿಸೆಂಬರ್ ೩೧ರಂದು ಕೊಚ್ಚಿಯಲ್ಲಿ ನಡೆದ ಮೊದಲ ಭೇಟಿಯಲ್ಲಿ ಬೆಂಗಳೂರು ಮೂರು ಗೋಲು ಹೊಡೆದು, ಒಂದನ್ನು ಬಿಟ್ಟುಕೊಟ್ಟು ಗೆದ್ದಿತು. ಹೊಸವರ್ಷದ ಹಿಂದಿನ ರಾತ್ರಿ ಮನೆಯಂಗಳದಲ್ಲಿಯೇ ಸೋತ ಕೇರಳದವರಿಗೆ ಅದು ಮರೆಯುವಂಥ ಪೆಟ್ಟಲ್ಲ. ೨೦೨೦ರ ಫೆಬ್ರವರಿಯವರೆಗೆ ಅವರು ಬೆಂಗಳೂರನ್ನು ಒಮ್ಮೆಯೂ ಸೋಲಿಸಲಾಗಲಿಲ್ಲ.

ಎರಡೂ ಕಡೆಯ ಬೆಂಬಲಿಗರಿಗೆ ತಮ್ಮದೇ ಹೆಸರುಗಳುಂಟು. ಬೆಂಗಳೂರಿನವರು 'ವೆಸ್ಟ್ ಬ್ಲಾಕ್ ಬ್ಲೂಸ್'. ತಂಡವು ಮೊದಲು ಆಡುತ್ತಿದ್ದ ಬೆಂಗಳೂರು ಫುಟ್‌ಬಾಲ್ ಕ್ರೀಡಾಂಗಣದ ಪಶ್ಚಿಮದ ಕಟ್ಟೆಯಲ್ಲಿ ಕುಳಿತು ಕೂಗಿದವರು ಇಟ್ಟುಕೊಂಡ ಹೆಸರು ಅದು. ತಂಡವು ಕಂಠೀರವ ಕ್ರೀಡಾಂಗಣಕ್ಕೆ ಹೋದರೂ ಹೆಸರು ಜೊತೆಯಲ್ಲಿಯೇ ಹೋಯಿತು. ಕೇರಳದವರು 'ಮಂಜಪ್ಪಡ', ಎಂದರೆ ಹಳದಿಯ ಪಡೆ. ಮಲೆಯಾಳದ 'ಪಡ'ವೂ ನಮ್ಮ ಹಳಗನ್ನಡ ಕವಿಗಳ 'ಪಡೆ'ಯೂ ಒಂದೇ ತಾಯಿಯ ಮಕ್ಕಳು. ಭಾಷೆ ನೆಂಟಸ್ತಿಕೆ ಹೇಳುತ್ತಿದೆ, ಬಾಯಿ ಬೈಗುಳ ಹೇಳುತ್ತಿದೆ.

ನೆಂಟಸ್ತಿಕೆ ಭಾಷೆಯಲ್ಲಿ ಮಾತ್ರ ಉಳಿದಿಲ್ಲ. ಬೆಂಗಳೂರಿನಲ್ಲಿ ಅನ್ನ ಹುಡುಕಿಕೊಂಡು ಬಂದು ನೆಲೆಸಿದ ಮಲೆಯಾಳಿಗಳು ಎಷ್ಟು ಮಂದಿ ಎಂಬುದನ್ನು ಆ ನಗರವನ್ನು ಒಮ್ಮೆ ನೋಡಿದವರೂ ಬಲ್ಲರು. ಆದುದರಿಂದ ಕಂಠೀರವದಲ್ಲಿ ಪಂದ್ಯವಾದಾಗ ನೀಲಿಯ ನಡುವೆ ಹಳದಿಯೂ ದಟ್ಟವಾಗಿಯೇ ಕಾಣುತ್ತದೆ. ವಾರವೆಲ್ಲ ಒಂದೇ ಕಚೇರಿಯಲ್ಲಿ ಪಕ್ಕಪಕ್ಕದ ಮೇಜಿನಲ್ಲಿ ದುಡಿದವರು ಆ ಸಂಜೆ ಎದುರು ಬದುರು ಕಟ್ಟೆಗಳಲ್ಲಿ ಕುಳಿತು ಗಂಟಲು ಹರಿದುಕೊಳ್ಳುತ್ತಾರೆ. ಕಣ್ಣೂರಿನ ಸಿ. ಕೆ. ವಿನೀತರನ್ನು ನೋಡಿರಿ. ೨೦೧೭ರ ಮೇ ತಿಂಗಳಲ್ಲಿ ಕಟಕದಲ್ಲಿ ಮೋಹನ್ ಬಾಗಾನಿನ ಮೇಲೆ ಹೆಚ್ಚುವರಿ ಅವಧಿಯಲ್ಲಿ ಎರಡೂ ಗೋಲು ಹೊಡೆದು ಬೆಂಗಳೂರಿಗೆ ಫೆಡರೇಷನ್ ಕಪ್ಪನ್ನು ತಂದುಕೊಟ್ಟವರು ಈ ಮಲೆಯಾಳಿಯೇ. ಅದೇ ವರ್ಷದ ಕೊನೆಗೆ ಅವರು ಕೇರಳದ ಹಳದಿ ಅಂಗಿಯಲ್ಲಿದ್ದರು. ಇದೇ ವೃತ್ತಿಪರ ಆಟದ ರೀತಿ; ಆಟಗಾರ ಕರಾರಿನಂತೆ ಊರು ಬದಲಿಸುತ್ತಾನೆ, ಕೂಗುವವನು ಮಾತ್ರ ಕೂತಲ್ಲಿಯೇ ಕೂತಿರುತ್ತಾನೆ.

ನಮ್ಮ ಮೂರು ತಾಲ್ಲೂಕಿನವರಿಗೆ ಬೆಂಗಳೂರು 'ನಮ್ಮದು' ಎನಿಸಿದ್ದೂ ಬಹಳ ಹಿಂದಿನ ಮಾತಲ್ಲ. ೧೯೪೮ರವರೆಗೆ ಈ ಸೀಮೆ ನಿಜಾಮರದು. ೧೯೫೬ರವರೆಗೆ ಹೈದರಾಬಾದು ರಾಜ್ಯದ್ದು. ಕಲಬುರಗಿಯಿಂದ ಹೈದರಾಬಾದಿಗೆ ಇನ್ನೂರು ಚಿಲ್ಲರೆ ಕಿಲೋಮೀಟರು. ಬೆಂಗಳೂರಿಗೆ ಅದರ ಎರಡೂವರೆ ಪಾಲು. ೧೯೫೦ರಿಂದ ೧೯೫೪ರವರೆಗೆ ಐದು ವರ್ಷ ಬಿಡದೆ ಮುಂಬಯಿಯ ರೋವರ್ಸ್ ಕಪ್ಪನ್ನು ಹೊತ್ತು ತಂದ ಹೈದರಾಬಾದ್ ಸಿಟಿ ಪೊಲೀಸ್ ತಂಡ, ಆ ಲೆಕ್ಕದಲ್ಲಿ, ನಮ್ಮ ತಂಡವೇ ಆಗಿತ್ತು. ಅದೇ ಕಪ್ಪನ್ನು ೧೯೩೭ ಮತ್ತು ೧೯೩೮ರಲ್ಲಿ ಗೆದ್ದ ಬೆಂಗಳೂರು ಮುಸ್ಲಿಮ್ಸ್ ತಂಡ ಆಗ ನಮಗೆ ಪರರಾಜ್ಯದ್ದು. ರಾಜ್ಯದ ಗೆರೆ ಸರಿದಾಗ ಅಭಿಮಾನದ ಗೆರೆಯೂ ಸರಿಯಿತು. ೨೦೧೯ರಲ್ಲಿ ಹೈದರಾಬಾದಿಗೂ ಒಂದು ವೃತ್ತಿಪರ ಕ್ಲಬ್ಬು ಬಂದಿತು. ೨೦೨೨ರಲ್ಲಿ ಕೇರಳವನ್ನೇ ಅಂತಿಮ ಪಂದ್ಯದಲ್ಲಿ ಸೋಲಿಸಿ ಲೀಗಿನ ಪಟ್ಟವೇರಿತು. ೨೦೨೫ರಲ್ಲಿ ದೆಹಲಿಗೆ ಹೊರಟುಹೋಯಿತು. ಹಣದ ಆಟದಲ್ಲಿ ಇಡೀ ತಂಡವೇ ಗಂಟುಮೂಟೆ ಕಟ್ಟುವುದುಂಟು. ಅದು ಬೇರೆ ಕಥೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ೨೦೨೩ರ ಮಾರ್ಚ್ ೩, ಶುಕ್ರವಾರ. ಕಂಠೀರವದಲ್ಲಿ ಬೆಂಗಳೂರಿಗೂ ಕೇರಳಕ್ಕೂ ಪಂದ್ಯ. ಸೋತವರು ಆ ವರ್ಷದ ಸ್ಪರ್ಧೆಯಿಂದ ಹೊರಗೆ, ಗೆದ್ದವರು ಉಪಾಂತ್ಯಕ್ಕೆ. ತೊಂಬತ್ತು ನಿಮಿಷ ಕಳೆದರೂ ಎರಡು ಕಡೆಯೂ ಸೊನ್ನೆ. ಹೆಚ್ಚುವರಿ ಅವಧಿ ಮೊದಲಾಗಿ ಕೆಲವು ನಿಮಿಷಗಳಾಗಿರಬಹುದು. ಗೋಲಿನ ಪೆಟ್ಟಿಗೆಯ ಅಂಚಿನ ಹೊರಗೆ ಸುನೀಲ್ ಛೇತ್ರಿಯವರನ್ನು ಕೆಡವಿದ್ದಕ್ಕಾಗಿ ಬೆಂಗಳೂರಿಗೆ ಫ್ರೀ ಕಿಕ್ ದೊರೆಯಿತು. ಇಂಥ ಹೊತ್ತಿನಲ್ಲಿ ಎದುರು ತಂಡದವರು ೯.೧೫ ಮೀಟರು ದೂರದಲ್ಲಿ ಗೋಡೆಯಂತೆ ಸಾಲುಗಟ್ಟಿ ನಿಲ್ಲುವುದು ವಾಡಿಕೆ. ಕೇರಳದ ಗೋಲುಗಾರ ಆ ಗೋಡೆಯನ್ನು ಹೊಂದಿಸುವುದರಲ್ಲಿದ್ದ. ಅಷ್ಟರಲ್ಲಿ ಛೇತ್ರಿಯವರು ಚೆಂಡನ್ನು ಮೆಲ್ಲನೆ ಎತ್ತಿ ತೆರೆದ ಗೋಲಿಗೆ ಹಾಕಿಬಿಟ್ಟರು. ರೆಫರಿ ಗೋಲೆಂದರು.

ಕೇರಳದವರು ಮುತ್ತಿಕೊಂಡರು, ರೆಫರಿ ಕದಲಲಿಲ್ಲ. ಆಗ ಅವರ ತರಬೇತುದಾರ, ಸರ್ಬಿಯಾದ ಇವಾನ್ ವುಕೊಮಾನೊವಿಚ್, ಮೈದಾನಕ್ಕೆ ಇಳಿದು ತಮ್ಮ ಆಟಗಾರರನ್ನೆಲ್ಲ ಕರೆದುಕೊಂಡು ಒಳಗೆ ಹೊರಟುಹೋದರು. ಇಪ್ಪತ್ತು ನಿಮಿಷಗಳಷ್ಟು ಕಾಲ ಬೆಂಗಳೂರಿನ ಆಟಗಾರರು ಎದುರಾಳಿಯಿಲ್ಲದ ಅಂಗಳದಲ್ಲಿ ಅತ್ತಿತ್ತ ಸುಳಿದಾಡಿದರು. ಹೋದವರು ಬರಲಿಲ್ಲ. ಬೆಂಗಳೂರು ಗೆದ್ದಿತೆಂದು ಸಾರಲಾಯಿತು.

ಸೋಮವಾರ ನನ್ನ ತರಗತಿಯಲ್ಲಿ ಒಬ್ಬ ಹುಡುಗ ಎದ್ದು ನಿಂತು ಕೇಳಿದ: "ಸರ್, ಮೋಸ ಆದ ಮ್ಯಾಲೆ ಯಾಕ ಆಡಬೇಕ್ರಿ?"

ಈ ಪ್ರಶ್ನೆಯನ್ನು ಉಡಾಫೆಯೆಂದು ತಳ್ಳಿಹಾಕುವಂತಿರಲಿಲ್ಲ. ನಮ್ಮ ಕಡೆಯ ಕಬಡ್ಡಿ ಪಂದ್ಯಗಳನ್ನು ಕಂಡವರಿಗೆ ಇದರ ಬೇರು ಗೊತ್ತು. ಆಳಂದದವರಿಗೆ ಅಫಜಲಪುರದವರ ಮೇಲೆ, ಅಫಜಲಪುರದವರಿಗೆ ಜೇವರ್ಗಿಯವರ ಮೇಲೆ ಹಳೆಯ ಜಿದ್ದು. ಪಂಚರ ಒಂದು ತೀರ್ಪು ತಲೆಕೆಳಗಾಯಿತೆಂದರೆ ಸಾಕು, "ನಡೀರಿ ಹೋಗೂಣು" ಎಂದು ಅಂಕಣ ಬಿಡುವುದು. ಹಾಗೆ ಬಿಟ್ಟುಬಂದವರನ್ನು ಊರಿನವರು ಎಷ್ಟೋ ಸಲ ಗೆದ್ದವರಂತೆ ಎದುರುಗೊಳ್ಳುವುದೂ ಉಂಟು. ಕುಸ್ತಿಯಲ್ಲಿ ಈ ಸೌಕರ್ಯವಿಲ್ಲ. ನಿಕಾಲಿ ಕುಸ್ತಿಯೆಂದರೆ ಒಬ್ಬನ ಬೆನ್ನು ಮಣ್ಣು ಮುಟ್ಟಲೇಬೇಕು.

ಹುಡುಗನಿಗೆ ನಾನು ಮೊದಲು ಕೊಟ್ಟ ಉತ್ತರ ಪಂಡಿತನ ಉತ್ತರ. 'ಛಲ' ಎಂಬ ಮಾತನ್ನು ತೆಗೆದುಕೊ ಎಂದೆ. ಸಂಸ್ಕೃತದಲ್ಲಿ ಛಲವೆಂದರೆ ವಂಚನೆ, ನೆಪ, ಕಪಟ. ಅದೇ ಮಾತು ಕನ್ನಡಕ್ಕೆ ಬಂದು ಹಿಡಿದದ್ದನ್ನು ಬಿಡದ ಗಟ್ಟಿತನವಾಯಿತು. ಪಂಪನು ತನ್ನ ಕಾವ್ಯದ ಕೊನೆಯಲ್ಲಿ ದುರ್ಯೋಧನನನ್ನು ನೆನೆಯುವುದು ಈ ಛಲಕ್ಕಾಗಿ. ಮಾರ್ಚ್ ೩ರ ಗೋಲು ಯಾವ ಛಲ? ಕೇರಳದವರು ಸಂಸ್ಕೃತದ ಅರ್ಥ ಹಿಡಿದರು. ಬೆಂಗಳೂರಿನವರು ಕನ್ನಡದ ಅರ್ಥ ಹಿಡಿದರು. ಆಟದ ನಿಯಮದ ಪುಸ್ತಕ ಹೇಳುವುದಿಷ್ಟು: ಫ್ರೀ ಕಿಕ್ ದೊರೆತವನು ಎದುರಾಳಿ ದೂರ ಸರಿಯುವವರೆಗೆ ಕಾಯಬೇಕಾಗಿಲ್ಲ, ಕೂಡಲೇ ಒದೆಯಬಹುದು, ಆದರೆ ರೆಫರಿ ತಡೆದು ದೂರ ಅಳೆಯತೊಡಗಿದರೆ, ಮತ್ತೆ ಅವರ ಸೀಟಿಯಾಗುವವರೆಗೆ ಒದೆಯುವಂತಿಲ್ಲ. ಗೋಡೆಯೂ ಬೇಡ, ಸೀಟಿಯೂ ಬೇಡವೆಂದು ತಾವು ರೆಫರಿಗೆ ಮೊದಲೇ ಹೇಳಿದ್ದುದಾಗಿ ಛೇತ್ರಿಯವರು ಪಂದ್ಯದ ಬಳಿಕ ತಿಳಿಸಿದರು. ಹಾಗಿದ್ದರೆ ಗೋಲು ನ್ಯಾಯವಾದದ್ದೇ. ಅದು ಸೊಗಸಾದ ಗೋಲೇ ಎಂದು ಕೇಳಿದರೆ, ನಾನು ಬೆಂಗಳೂರಿನ ಪಕ್ಷದವನಾಗಿಯೂ, ಸುಮ್ಮನಿರುತ್ತೇನೆ.

ಇನ್ನು ಅಂಗಳ ಬಿಟ್ಟ ಮಾತು. ಭಾರತದಲ್ಲಿ ಭೀಮನು ಗದಾಯುದ್ಧದ ಕಟ್ಟಳೆ ಮೀರಿ ತೊಡೆಗೆ ಹೊಡೆದನು. ಗುರುವಾದ ಬಲರಾಮನು ಕೋಪಗೊಂಡು ದ್ವಾರಕೆಗೆ ಹೊರಟುಹೋದನು. ಬಲರಾಮನ ಸಿಟ್ಟು ನ್ಯಾಯವಾದುದೆಂದು ಹೇಳುವವರು ಈಗಲೂ ಉಂಟು. ಆದರೆ ಬಲರಾಮನು ನೋಡುವವನಾಗಿದ್ದನು, ಹೋರಾಡುವವನಾಗಿರಲಿಲ್ಲ. ಹೋರಾಡುವವನ ಕಥೆ ರನ್ನನ ಗದಾಯುದ್ಧದಲ್ಲಿದೆ. ದುರ್ಯೋಧನನು ರಣರಂಗವನ್ನು ಬಿಟ್ಟು ವೈಶಂಪಾಯನ ಸರೋವರದಲ್ಲಿ ಮುಳುಗಿ ಕುಳಿತಿದ್ದಾನೆ. ಹಾಗೆ ಅಡಗಬೇಕೆಂದು ಹೇಳಿದವನು ಸ್ವತಃ ಭೀಷ್ಮ. ಯುದ್ಧನೀತಿಯಂತೆ ಅದು ತಪ್ಪೂ ಅಲ್ಲ. ಆದರೂ ದಡದಲ್ಲಿ ನಿಂತ ಭೀಮನ ಮೂದಲಿಕೆ ನೀರಿನೊಳಗೆ ಕೇಳಿದಾಗ ಅವನಿಗೆ ಒಳಗೆ ಕೂರಲಾಗುವುದಿಲ್ಲ. ಎದ್ದು ಬರುತ್ತಾನೆ, ಸಾಯಲಿಕ್ಕೆ. ರನ್ನನ ಓದುಗನು ಆ ಗಳಿಗೆಯಲ್ಲಿ ಭೀಮನ ಪಕ್ಷವನ್ನು ಮರೆತು ದುರ್ಯೋಧನನಿಗೆ ತಲೆದೂಗುತ್ತಾನೆ. ಕಂಠೀರವದ ಆ ಇಪ್ಪತ್ತು ನಿಮಿಷಗಳಲ್ಲಿ ನೀಲಿಯವರ ಕೂಗೇನೂ ಕಡಮೆಯಿರಲಿಲ್ಲ. ಎದ್ದು ಬರುವವರು ಮಾತ್ರ ಇರಲಿಲ್ಲ. ಆಟ ಮುಂದುವರಿದಿದ್ದರೆ ಕೇರಳಕ್ಕೆ ಇನ್ನೂ ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಕಾಲವಿತ್ತು. ಒಂದು ಗೋಲು ಸಾಕಾಗಿತ್ತು. ಆ ಗೋಲನ್ನು ಹೊಡೆಯುವ ಹಕ್ಕನ್ನು ಅವರಿಂದ ಕಿತ್ತುಕೊಂಡವರು ರೆಫರಿಯಲ್ಲ, ಅವರ ತರಬೇತುದಾರರೇ.

ಶಿಕ್ಷೆಯೇನೋ ಕಠಿಣವಾಗಿಯೇ ಬಂದಿತು. ಅದೇ ತಿಂಗಳ ಕೊನೆಯಲ್ಲಿ ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟದ ಶಿಸ್ತು ಸಮಿತಿ ಕ್ಲಬ್ಬಿಗೆ ೪ ಕೋಟಿ ರೂಪಾಯಿ ದಂಡ ಹಾಕಿ, ಬಹಿರಂಗ ಕ್ಷಮೆ ಕೇಳಬೇಕೆಂದಿತು. ತರಬೇತುದಾರರಿಗೆ ೧೦ ಪಂದ್ಯಗಳ ನಿಷೇಧ, ೫ ಲಕ್ಷ ದಂಡ. ಅಪೀಲು ನಿಲ್ಲಲಿಲ್ಲ. ಇಂಥದು ಹಿಂದೆ ನಡೆದಿರಲಿಲ್ಲವೆಂದಲ್ಲ. ೨೦೧೨ರ ಡಿಸೆಂಬರ್ ೯ರಂದು ಕಲಕತ್ತೆಯಲ್ಲಿ ಈಸ್ಟ್ ಬೆಂಗಾಲಿನ ಎದುರು ಆಡುತ್ತಿದ್ದ ಮೋಹನ್ ಬಾಗಾನ್ ತಂಡ, ತನ್ನ ಆಟಗಾರನಿಗೆ ಜನರ ನಡುವಿನಿಂದ ಕಲ್ಲೇಟು ಬಿದ್ದ ಮೇಲೆ, ಎರಡನೆಯ ಅರ್ಧಕ್ಕೆ ಇಳಿಯಲಿಲ್ಲ. ೧೮೮೯ರಲ್ಲಿ ಹುಟ್ಟಿದ ಕ್ಲಬ್ಬು ಅದು. ಮೊದಲು ಎರಡು ವರ್ಷ ನಿಷೇಧವೆಂದರು, ಬಳಿಕ ೨ ಕೋಟಿ ದಂಡಕ್ಕೆ ಇಳಿಸಿದರು. ಕಲ್ಲು ಬಿದ್ದಾಗ ಹಿಂದೆಗೆಯುವುದಕ್ಕೂ ತೀರ್ಪು ಬಿದ್ದಾಗ ಹಿಂದೆಗೆಯುವುದಕ್ಕೂ ಅಂತರವುಂಟೆಂದು ನನ್ನ ಅಭಿಪ್ರಾಯ. ಮೊದಲನೆಯದರಲ್ಲಿ ಜೀವದ ಪ್ರಶ್ನೆಯಿದೆ.

ಆ ಮಾರ್ಚ್ ೩ರ ಗದ್ದಲದಲ್ಲಿ ಮಾರನೆಯ ದಿನದ ಸುದ್ದಿ ಮುಚ್ಚಿಹೋಯಿತು. ಮಾರ್ಚ್ ೪ರಂದು ಸೌದಿ ಅರೇಬಿಯದ ರಿಯಾದಿನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು ೩–೨ರಿಂದ ಸೋಲಿಸಿ ಸಂತೋಷ್ ಟ್ರೋಫಿಯನ್ನು ಗೆದ್ದಿತು. ರಾಜ್ಯಕ್ಕೆ ಮೈಸೂರೆಂಬ ಹೆಸರಿದ್ದಾಗ, ೧೯೬೮–೬೯ರಲ್ಲಿ, ಗೆದ್ದ ಮೇಲೆ ಐವತ್ತನಾಲ್ಕು ವರ್ಷಗಳಿಗೆ ಬಂದ ಗೆಲುವು. ಇದರ ಹಿಂದಿನ ವರ್ಷ, ೨೦೨೨ರ ಏಪ್ರಿಲ್ ೨೮ರಂದು, ಕರ್ನಾಟಕ ತಂಡ ಮಲಪ್ಪುರದ ಮಂಜೇರಿಯಲ್ಲಿ ಉಪಾಂತ್ಯ ಆಡಿತ್ತು. ಎದುರಾಳಿ ಕೇರಳ. ಕಿಕ್ಕಿರಿದ ಪರರ ಅಂಗಳದಲ್ಲಿ ಏಳು ಗೋಲು ತಿಂದಿತು. ಬದಲಿಯಾಗಿ ಇಳಿದ ಒಬ್ಬ ಹುಡುಗನೇ ಐದು ಹೊಡೆದ. ನಮ್ಮವರು ಮೂರು ಹೊಡೆದು, ಕೊನೆಯ ಸೀಟಿಯವರೆಗೆ ಓಡಿ, ಏಳನ್ನು ಹೊತ್ತುಕೊಂಡು ಮನೆಗೆ ಬಂದರು. ನನ್ನ ಹುಡುಗನಿಗೆ ನಾನು ಕೊಟ್ಟ ಎರಡನೆಯ ಉತ್ತರ ಇದು. ಅವನಿಗೆ ಛಲದ ವ್ಯುತ್ಪತ್ತಿಗಿಂತ ಏಳು-ಮೂರರ ಲೆಕ್ಕ ಬೇಗ ನಾಟಿತು. "ಏಳ್ರೀ?" ಎಂದು ಇನ್ನೊಮ್ಮೆ ಕೇಳಿ ಕುಳಿತುಕೊಂಡ.

ಕೇರಳದವರೂ ಬಿಟ್ಟುಹೋದವರಾಗಿ ಉಳಿಯಲಿಲ್ಲ ಎಂಬುದನ್ನು ಹೇಳದಿದ್ದರೆ ಅನ್ಯಾಯವಾದೀತು. ಕ್ಲಬ್ಬು ಕ್ಷಮೆ ಕೇಳಿತು. ಆರು ವಾರ ಕಳೆದು, ೨೦೨೩ರ ಏಪ್ರಿಲ್ ೧೬ರಂದು, ಕೋಳಿಕ್ಕೋಡಿನಲ್ಲಿ ಸೂಪರ್ ಕಪ್ಪಿಗಾಗಿ ಇದೇ ಎರಡು ತಂಡಗಳು ಎದುರಾದವು. ಒಂದಕ್ಕೆ ಒಂದು ಗೋಲು, ಸಮ. ಸೆಪ್ಟೆಂಬರಿನಲ್ಲಿ ಲೀಗಿನ ಹೊಸ ವರ್ಷ ಮೊದಲಾದದ್ದು ಕೊಚ್ಚಿಯಲ್ಲಿ, ಇವರಿಬ್ಬರ ಪಂದ್ಯದಿಂದಲೇ. ನಿಷೇಧದಲ್ಲಿದ್ದ ತರಬೇತುದಾರರಿಲ್ಲದೆಯೇ ಕೇರಳ ೨–೧ರಿಂದ ಗೆದ್ದು ಸೇಡು ತೀರಿಸಿಕೊಂಡಿತು. ೨೦೨೪ರ ಮಾರ್ಚ್ ೨ರಂದು, ವರ್ಷ ತುಂಬಲು ಒಂದು ದಿನವಿರುವಾಗ, ವುಕೊಮಾನೊವಿಚ್ ತಮ್ಮ ತಂಡದೊಡನೆ ಅದೇ ಕಂಠೀರವಕ್ಕೆ ಬಂದು ನಿಂತರು. ಆಟ ಮುಗಿಯಲು ಒಂದು ನಿಮಿಷವಿದೆಯೆನ್ನುವಾಗ ಬೆಂಗಳೂರು ಒಂದು ಗೋಲು ಹೊಡೆದು ಗೆದ್ದಿತು. ಈ ಸಲ ಕೇರಳದವರು ಚೆಂಡನ್ನೆತ್ತಿ ನಡುಗೆರೆಯ ಮೇಲಿಟ್ಟು ಆಟ ಮುಂದುವರಿಸಿದರು.